ತಂತ್ರಾಂಶ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಕಾಲೇಜಿನ ಆಯ್ಕೆ: ಯಾದಗಿರಿ ಜಿಲ್ಲೆ

ತಂತ್ರಾಂಶ ಇಂಜಿನಿಯರ್ ಆಗಬೇಕೆಂಬ ವಿದ್ಯಾರ್ಥಿಯು ದ್ವಿತೀಯ ಪಿಯುಸಿ ಮುಗಿಸಿದ ನಂತರ ಕಾಲೇಜನ್ನೂ ವಿಭಾಗವನ್ನೂ ಆರಿಸಿಕೊಳ್ಳುವ ಕ್ರಮವನ್ನು ಈ ಲೇಖನವು ಕರ್ನಾಟಕದ ಯಾದಗಿರಿ ಜಿಲ್ಲೆಯ ಹಿನ್ನೆಲೆಯಲ್ಲಿ ವಿವರಿಸುತ್ತದೆ. ಸುರಪುರ ತಾಲ್ಲೂಕಿನ ದೇವಾಪುರದಂತಹ ಗ್ರಾಮದ ವಿದ್ಯಾರ್ಥಿಗೆ ದೊರೆಯುವ ಸೀಟನ್ನು ಅಂಕಗಳ ಜೊತೆಗೆ ಸಂವಿಧಾನದ 371ಜೆ ವಿಧಿ, ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳೂ ನಿರ್ಧರಿಸುತ್ತವೆ. ಇವುಗಳ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಪಡೆಯದಿದ್ದರೆ ಹಕ್ಕಿನಿಂದ ದೊರೆಯಬಹುದಾದ ಸೀಟು ಕೈತಪ್ಪುತ್ತದೆ.

ಹಿನ್ನೆಲೆ

ಯಾದಗಿರಿಯು 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಸುರಪುರ ಮತ್ತು ಶಹಾಪುರ ಭಾಗದ ಕೆಲವು ಪ್ರದೇಶಗಳಿಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಇದ್ದರೂ, ಜಿಲ್ಲೆಯ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ಬೆಂಗಳೂರು ಮೊದಲಾದ ನಗರಗಳಿಗೆ ಗುಳೆ ಹೋಗುತ್ತವೆ. ಇಂತಹ ಮನೆಗಳಿಂದ ಇಂಜಿನಿಯರಿಂಗ್ ಸೇರುವ ವಿದ್ಯಾರ್ಥಿಯು ಹಲವು ಬಾರಿ ಆ ಮನೆಯ ಮೊದಲ ಪದವೀಧರನಾಗಿರುತ್ತಾನೆ. ಕಾಲೇಜಿನ ವಿಷಯದಲ್ಲಿ ಸಲಹೆ ನೀಡಬಲ್ಲವರು ಮನೆಯಲ್ಲಿ ಇರುವುದಿಲ್ಲ. ಈ ಕೊರತೆಯನ್ನು ಜಾಹೀರಾತುಗಳು ಮತ್ತು ಸೀಟು ಕೊಡಿಸುವ ಮಧ್ಯವರ್ತಿಗಳು ತುಂಬುತ್ತಾರೆ.

ಕಲ್ಯಾಣ ಕರ್ನಾಟಕದ ಮೊದಲ ಇಂಜಿನಿಯರಿಂಗ್ ಕಾಲೇಜು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯಿಂದ ಕಲಬುರಗಿಯಲ್ಲಿ ಆರಂಭವಾಯಿತು. ಅದು ಇಂದು ಪೂಜ್ಯ ದೊಡ್ಡಪ್ಪ ಅಪ್ಪ (ಪಿಡಿಎ) ಇಂಜಿನಿಯರಿಂಗ್ ಕಾಲೇಜೆಂದು ಪ್ರಸಿದ್ಧವಾಗಿದೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾದ ಮೇಲೆ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರ ಅಧೀನಕ್ಕೆ ಬಂದವು.

ಪ್ರವೇಶದ ಮಾರ್ಗಗಳು

ಪ್ರಮುಖ ಮಾರ್ಗವೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು (ಕೆಇಎ) ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಗಳಲ್ಲಿ ತಲಾ 60 ಅಂಕಗಳ ಪರೀಕ್ಷೆ ಇರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಿಇಟಿ ಅಂಕಗಳಿಗೂ ದ್ವಿತೀಯ ಪಿಯುಸಿಯ ಇದೇ ವಿಷಯಗಳ ಅಂಕಗಳಿಗೂ ಸಮಾನ ತೂಕ ನೀಡಿ ರ‍್ಯಾಂಕ್ ನಿಗದಿಪಡಿಸಲಾಗುತ್ತದೆ. ಆದುದರಿಂದ ಸಿಇಟಿ ತರಬೇತಿಯ ಹೆಸರಿನಲ್ಲಿ ಪಿಯುಸಿ ಪಠ್ಯವನ್ನು ಕಡೆಗಣಿಸುವುದು ಅರ್ಧ ರ‍್ಯಾಂಕನ್ನೇ ಬಿಟ್ಟುಕೊಟ್ಟಂತೆ. ಪಿಯುಸಿಯ ಈ ವಿಷಯಗಳಲ್ಲಿ ಕನಿಷ್ಠ ಶೇ. 45, ಮೀಸಲು ವರ್ಗಗಳಿಗೆ ಶೇ. 40 ಅಂಕಗಳಿರಬೇಕು.

ಖಾಸಗಿ ಕಾಲೇಜುಗಳ ಒಂದು ಭಾಗದ ಸೀಟುಗಳು ಕಾಮೆಡ್‌-ಕೆ ಪರೀಕ್ಷೆಯ ಮೂಲಕ, ಇನ್ನೊಂದು ಭಾಗ ಆಡಳಿತ ಮಂಡಳಿಯ ಕೋಟಾದಲ್ಲಿ ಭರ್ತಿಯಾಗುತ್ತವೆ. ಇವೆರಡರಲ್ಲೂ ಶುಲ್ಕವು ಸರ್ಕಾರಿ ಕೋಟಾಕ್ಕಿಂತ ಬಹಳ ಹೆಚ್ಚು. ಐಐಐಟಿ ರಾಯಚೂರು, ಸುರತ್ಕಲ್ಲಿನ ಎನ್‌ಐಟಿಕೆ ಮುಂತಾದ ಕೇಂದ್ರೀಯ ಸಂಸ್ಥೆಗಳಿಗೆ ಜೆಇಇ ಮೇನ್ ಪರೀಕ್ಷೆ ಅಗತ್ಯ. 2021ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಐಐಟಿ ಧಾರವಾಡಕ್ಕೆ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯಲ್ಲಿಯೂ ಅರ್ಹತೆ ಪಡೆಯಬೇಕು.

371ಜೆ ವಿಧಿ ಮತ್ತು ಇತರ ಮೀಸಲಾತಿಗಳು

ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಸೇರ್ಪಡೆಯಾಯಿತು. ಅದರ ಆಧಾರದಲ್ಲಿ 2013ರಲ್ಲಿ ಹೊರಡಿಸಿದ ಆದೇಶದಂತೆ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ. 70ರಷ್ಟು ಹಾಗೂ ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಈ ಪ್ರದೇಶದ ಸ್ಥಳೀಯರಿಗೆ ಮೀಸಲಾಗಿವೆ. ಇದು ಕಲಬುರಗಿ, ರಾಯಚೂರುಗಳಿಗಷ್ಟೇ ಸೀಮಿತವೆಂಬ ತಿಳಿವಳಿಕೆ ತಪ್ಪು. ಬೆಂಗಳೂರು ಮತ್ತು ಮೈಸೂರಿನ ಕಾಲೇಜುಗಳ ಸರ್ಕಾರಿ ಸೀಟುಗಳಲ್ಲಿಯೂ ದೇವಾಪುರದ ವಿದ್ಯಾರ್ಥಿಗೆ ಪ್ರತ್ಯೇಕ ಪಾಲಿದೆ. ಕೇಂದ್ರೀಯ ಸಂಸ್ಥೆಗಳಲ್ಲಿ ಜೆಇಇ ಮೂಲಕ ನೀಡುವ ಸೀಟುಗಳಿಗೆ ಮಾತ್ರ ಇದು ಅನ್ವಯಿಸದು. ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ನೀಡುತ್ತಾರೆ. ದಾಖಲೆಗಳ ಪರಿಶೀಲನೆಗೆ ಸಮಯ ಬೇಕಾಗುವುದರಿಂದ ಪ್ರಥಮ ಪಿಯುಸಿಯಲ್ಲಿಯೇ ಅರ್ಜಿ ಸಲ್ಲಿಸುವುದು ಉಚಿತ.

ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಪೂರ್ಣ ವ್ಯಾಸಂಗವೇ ಆಧಾರ. ಏಳನೆಯ ತರಗತಿಯವರೆಗೆ ದೇವಾಪುರದಲ್ಲಿ ಓದಿ, ಪ್ರೌಢಶಾಲೆಗೆ ಸುರಪುರ ನಗರವನ್ನು ಸೇರಿದ ವಿದ್ಯಾರ್ಥಿಯು ಗ್ರಾಮೀಣ ಮೀಸಲಾತಿಯನ್ನು ಕಳೆದುಕೊಳ್ಳುತ್ತಾನೆ. ಆದರೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಮೀಸಲಾತಿ ಉಳಿಯುತ್ತದೆ. ವ್ಯಾಸಂಗ ಪ್ರಮಾಣಪತ್ರಗಳನ್ನು ಶಾಲೆಯ ಮುಖ್ಯೋಪಾಧ್ಯಾಯರು ನೀಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುರುಜು ಮಾಡುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ದೊರೆಯುತ್ತವೆ. ಅವುಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ನಮೂದಿಸಬೇಕು. ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಬೇರೆ ಬೇರೆಯಾಗಿದ್ದರೆ ಪರಿಶೀಲನೆಯಲ್ಲಿ ತೊಡಕಾಗುವುದರಿಂದ ಮುಂಚಿತವಾಗಿ ಸರಿಪಡಿಸಿಕೊಳ್ಳಬೇಕು.

ಪ್ರದೇಶದ ಪ್ರಮುಖ ಸಂಸ್ಥೆಗಳು

ಸುರಪುರದಲ್ಲಿ ವೀರಪ್ಪ ನಿಷ್ಠಿ ಇಂಜಿನಿಯರಿಂಗ್ ಕಾಲೇಜಿದೆ. ಕಲಬುರಗಿಯಲ್ಲಿ ಪಿಡಿಎ ಕಾಲೇಜು, ವಿಟಿಯು ಪ್ರಾದೇಶಿಕ ಕೇಂದ್ರ ಮತ್ತು 2017ರಲ್ಲಿ ಸ್ಥಾಪನೆಯಾದ ಶರಣಬಸವ ವಿಶ್ವವಿದ್ಯಾಲಯಗಳಿವೆ. ರಾಯಚೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ 2019ರಲ್ಲಿ ಆರಂಭವಾದ ಐಐಐಟಿಯೂ ಇವೆ. ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಬಳ್ಳಾರಿಯ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜುಗಳು ಈ ಭಾಗದ ಹಳೆಯ ಸಂಸ್ಥೆಗಳು. ಪ್ರದೇಶದ ಹೊರಗೆ, 1917ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುವಿಸಿಇಯು ಸರ್ಕಾರಿ ಸಂಸ್ಥೆಯಾಗಿದ್ದು, ಈಗ ಸ್ವಾಯತ್ತ ವಿಶ್ವವಿದ್ಯಾಲಯದ ಸ್ಥಾನ ಪಡೆದಿದೆ.

ವಿಭಾಗದ ಆಯ್ಕೆ

ತಂತ್ರಾಂಶ ವೃತ್ತಿಗೆ ನೇರವಾಗಿ ಹೊಂದುವ ವಿಭಾಗಗಳು ಗಣಕ ವಿಜ್ಞಾನ ಮತ್ತು ಮಾಹಿತಿ ವಿಜ್ಞಾನ. ಇತ್ತೀಚೆಗೆ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ, ಸೈಬರ್ ಭದ್ರತೆ ಎಂಬ ಹೆಸರುಗಳ ವಿಭಾಗಗಳೂ ತೆರೆದಿವೆ. ದತ್ತಾಂಶ ರಚನೆ, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಮತ್ತು ಗಣಕ ಜಾಲಗಳು ಈ ಎಲ್ಲವುಗಳಿಗೂ ಬುನಾದಿ. ವಿಭಾಗದ ಹೆಸರು ಎಷ್ಟೇ ಹೊಸದಾಗಿದ್ದರೂ ಈ ಬುನಾದಿ ವಿಷಯಗಳನ್ನು ಬೋಧಿಸುವ ಅನುಭವಿ ಅಧ್ಯಾಪಕರಿಲ್ಲದಿದ್ದರೆ ಪ್ರಯೋಜನ ಕಡಿಮೆ. ಎಲೆಕ್ಟ್ರಾನಿಕ್ಸ್ ವಿಭಾಗದವರನ್ನೂ ಅನೇಕ ತಂತ್ರಾಂಶ ಕಂಪನಿಗಳು ನೇಮಿಸಿಕೊಳ್ಳುತ್ತವೆ. ಉತ್ತಮ ಕಾಲೇಜಿನ ಎಲೆಕ್ಟ್ರಾನಿಕ್ಸ್, ದುರ್ಬಲ ಕಾಲೇಜಿನ ಗಣಕ ವಿಜ್ಞಾನಕ್ಕಿಂತ ಮೇಲಾಗಬಹುದು.

ಗುಣಮಟ್ಟವನ್ನು ಅರಿಯುವ ಬಗೆ

ಇಂಜಿನಿಯರಿಂಗ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಅನುಮೋದನೆ ಕನಿಷ್ಠ ಅರ್ಹತೆಯೇ ಹೊರತು ಶ್ರೇಷ್ಠತೆಯ ಗುರುತಲ್ಲ. ನ್ಯಾಕ್ ಶ್ರೇಣಿಯು ಇಡೀ ಸಂಸ್ಥೆಗೆ ಸಲ್ಲುತ್ತದೆ. ಎನ್‌ಬಿಎ ಮಾನ್ಯತೆಯಾದರೋ ಒಂದೊಂದು ವಿಭಾಗಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ ದೊರೆಯುತ್ತದೆ. ಕಾಲೇಜಿನ ಸಿವಿಲ್ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದ್ದು, ಗಣಕ ವಿಜ್ಞಾನಕ್ಕೆ ಇಲ್ಲದಿರುವುದು ಸಾಧ್ಯ. ಜಾಹೀರಾತಿನಲ್ಲಿ ‘ಎನ್‌ಬಿಎ ಮಾನ್ಯತೆ’ ಎಂದಿದ್ದರೆ ಯಾವ ವಿಭಾಗಕ್ಕೆ, ಯಾವ ವರ್ಷದವರೆಗೆ ಎಂಬುದನ್ನು ಎನ್‌ಬಿಎ ಜಾಲತಾಣದಲ್ಲಿ ನೋಡಬೇಕು.

ಅಧ್ಯಾಪಕ ಮತ್ತು ವಿದ್ಯಾರ್ಥಿಗಳ ಅನುಪಾತಕ್ಕೆ ಎಐಸಿಟಿಇ ಮಾನದಂಡ 1:20. 2024-25ರಿಂದ ಉತ್ತಮ ಸಾಧನೆಯ ಸಂಸ್ಥೆಗಳಿಗೆ ಸೀಟುಗಳ ಗರಿಷ್ಠ ಮಿತಿಯನ್ನು ತೆಗೆದುಹಾಕಲಾಗಿದೆ. ಹೀಗಾಗಿ ಗಣಕ ವಿಜ್ಞಾನದ ಸೀಟು ಹೆಚ್ಚಿದ ಕಾಲೇಜಿನಲ್ಲಿ ಅಧ್ಯಾಪಕರ ಸಂಖ್ಯೆಯೂ ಹೆಚ್ಚಿದೆಯೇ ಎಂದು ವಿಚಾರಿಸುವುದು ಅವಶ್ಯ.

ಉದ್ಯೋಗದ ಅಂಕಿಅಂಶಗಳಲ್ಲಿ ಕಾಲೇಜುಗಳು ಅತಿ ಹೆಚ್ಚಿನ ವೇತನವನ್ನು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸುವುದುಂಟು. ಅದು ಒಬ್ಬಿಬ್ಬರ ವೇತನವಾಗಿರಬಹುದು. ಉತ್ತೀರ್ಣರಾದವರೆಷ್ಟು, ಕೆಲಸ ಪಡೆದವರೆಷ್ಟು, ಮಧ್ಯಮ ವೇತನವೆಷ್ಟು ಎಂಬ ಮೂರು ಪ್ರಶ್ನೆಗಳೇ ಮುಖ್ಯ. ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸಲ್ಲಿಸಿದ ಮಾಹಿತಿಯಲ್ಲಿ ಇವು ಬಹಿರಂಗವಾಗಿ ದೊರೆಯುತ್ತವೆ. 2023ರ ನಂತರ ದೊಡ್ಡ ತಂತ್ರಾಂಶ ಸೇವಾ ಕಂಪನಿಗಳ ಕ್ಯಾಂಪಸ್ ನೇಮಕಾತಿ ಇಳಿದುದರಿಂದ ಹಳೆಯ ವರ್ಷಗಳ ಅಂಕಿಗಳನ್ನು ಎಚ್ಚರದಿಂದ ಓದಬೇಕು.

ಆಯ್ಕೆಗಳ ನಮೂದು

ರ‍್ಯಾಂಕ್ ಬಂದ ನಂತರ ವಿದ್ಯಾರ್ಥಿಯು ಕಾಲೇಜು ಮತ್ತು ವಿಭಾಗಗಳನ್ನು ತನ್ನ ಇಚ್ಛೆಯ ಕ್ರಮದಲ್ಲಿ ಕೆಇಎ ಜಾಲತಾಣದಲ್ಲಿ ನಮೂದಿಸಬೇಕು. ರ‍್ಯಾಂಕಿನ ಸರದಿಯಲ್ಲಿ, ಪಟ್ಟಿಯ ಮೇಲಿನಿಂದ ಕೆಳಕ್ಕೆ ನೋಡುತ್ತ, ಮೊದಲು ಲಭ್ಯವಾದ ಸೀಟನ್ನು ಹಂಚಲಾಗುತ್ತದೆ. ದೊರೆಯಲಾರದೆಂದು ತೋರುವ ಕಾಲೇಜನ್ನು ಮೊದಲಿಗೆ ಬರೆದರೆ ಕೆಳಗಿನ ಅವಕಾಶ ಕೆಡುವುದಿಲ್ಲ. ಆದರೆ ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಗೆ ಸೇರಿಸಬಾರದು. ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕುಗಳನ್ನು ಕೆಇಎ ಪ್ರಕಟಿಸುತ್ತದೆ. 371ಜೆ ಅಡಿಯ ಸೀಟುಗಳಿಗೆ ಪ್ರತ್ಯೇಕ ಪಟ್ಟಿಯಿದ್ದು, ಯಾದಗಿರಿಯವರು ಅದನ್ನೇ ನೋಡಬೇಕು. ಸಾಮಾನ್ಯ ಪಟ್ಟಿಯನ್ನು ಮಾತ್ರ ನೋಡಿ ಆಸೆ ಬಿಟ್ಟು, ಹೊಲ ಮಾರಿ ಆಡಳಿತ ಮಂಡಳಿಯ ಸೀಟು ಕೊಳ್ಳುವ ಮುನ್ನ ಈ ಪರಿಶೀಲನೆ ಅನಿವಾರ್ಯ.

ವೆಚ್ಚ ಮತ್ತು ನೆರವು

ಬೋಧನಾ ಶುಲ್ಕದ ಜೊತೆಗೆ ವಸತಿ, ಊಟ, ಪ್ರಯಾಣ ಮತ್ತು ಲ್ಯಾಪ್‌ಟಾಪ್ ವೆಚ್ಚವನ್ನು ನಾಲ್ಕು ವರ್ಷಗಳಿಗೂ ಲೆಕ್ಕ ಹಾಕಬೇಕು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರುವ ಕುಟುಂಬದವರಿಗೆ ಬೋಧನಾ ಶುಲ್ಕ ವಿನಾಯಿತಿಯ ಶೇ. 5 ಹೆಚ್ಚುವರಿ ಸೀಟುಗಳಿವೆ. ಇವನ್ನು ಎಸ್‌ಎನ್‌ಕ್ಯೂ ಸೀಟುಗಳೆನ್ನುತ್ತಾರೆ. ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ ಅರ್ಜಿ ಸಲ್ಲಿಸಬೇಕು. ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಮೆಟ್ರಿಕ್ ನಂತರದ ವಸತಿನಿಲಯಗಳನ್ನು ನಡೆಸುತ್ತವೆ. ಕಲಬುರಗಿಯಲ್ಲಿ ವಸತಿನಿಲಯದ ಪ್ರವೇಶ ದೊರೆಯುವುದೆಂದಾದರೆ ಬೆಂಗಳೂರಿನ ಬಾಡಿಗೆ ಕೋಣೆಗಿಂತ ಅದು ಕುಟುಂಬಕ್ಕೆ ಹಗುರ.

ಬೋಧನಾ ಭಾಷೆ

ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಎಐಸಿಟಿಇ 2021-22ರಿಂದ ಅವಕಾಶ ನೀಡಿದ್ದರೂ, ರಾಜ್ಯದ ಕಾಲೇಜುಗಳಲ್ಲಿ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಕಠಿಣವೆನಿಸುವುದು ಬುದ್ಧಿಯ ಕೊರತೆಯಿಂದಲ್ಲ, ಭಾಷೆಯ ಬದಲಾವಣೆಯಿಂದ. ಪಿಯುಸಿ ಪರೀಕ್ಷೆಗೂ ತರಗತಿಗಳ ಆರಂಭಕ್ಕೂ ನಡುವಿನ ತಿಂಗಳುಗಳಲ್ಲಿ ಇಂಗ್ಲಿಷ್ ಓದು ಮತ್ತು ಸಿ ಅಥವಾ ಪೈಥಾನ್ ಭಾಷೆಯ ಪ್ರಾಥಮಿಕ ಅಭ್ಯಾಸ ಮಾಡಿದರೆ ಈ ಕಷ್ಟ ಗಣನೀಯವಾಗಿ ಕಡಿಮೆಯಾಗುತ್ತದೆ.

ಪರ್ಯಾಯ ದಾರಿಗಳು

ತಂತ್ರಾಂಶ ವೃತ್ತಿಗೆ ಇಂಜಿನಿಯರಿಂಗ್ ಪದವಿ ಏಕೈಕ ದಾರಿಯಲ್ಲ. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಮೂಲಕ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಕಡಿಮೆ ವೆಚ್ಚದಲ್ಲಿ ಬಿಸಿಎ ಮುಗಿಸಿ, ಪಿಜಿಸಿಇಟಿ ಬರೆದು ಎರಡು ವರ್ಷಗಳ ಎಂಸಿಎ ಮಾಡುವುದು ಇನ್ನೊಂದು ಕ್ರಮ. ವಿಪ್ರೊದಂತಹ ಕಂಪನಿಗಳು ಬಿಸಿಎ, ಬಿಎಸ್ಸಿ ಪದವೀಧರರನ್ನು ನೇಮಿಸಿಕೊಂಡು, ಕೆಲಸದ ಜೊತೆಗೆ ಎಂಟೆಕ್ ಓದಿಸುವ ಯೋಜನೆಯನ್ನೂ ನಡೆಸಿವೆ. ಸಾಲ ಮಾಡಿ ದುರ್ಬಲ ಇಂಜಿನಿಯರಿಂಗ್ ಕಾಲೇಜನ್ನು ಸೇರುವುದಕ್ಕಿಂತ ಸಮೀಪದ ಉತ್ತಮ ಪದವಿ ಕಾಲೇಜಿನ ಬಿಸಿಎ ಕೆಲವರಿಗೆ ಹೆಚ್ಚು ಸೂಕ್ತವಾದೀತು.

ಪ್ರವೇಶ ನಿಯಮಗಳು, ಶುಲ್ಕ ಮತ್ತು ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯೇ ಅಂತಿಮ ಪ್ರಮಾಣ.

ಇವನ್ನೂ ನೋಡಿ

ಯಾದಗಿರಿ ಜಿಲ್ಲೆ
ಕಲ್ಯಾಣ ಕರ್ನಾಟಕ
ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ
ಕರ್ನಾಟಕ ಪರೀಕ್ಷಾ ಪ್ರಾಧಿಕಾರ