ಮನುಷ್ಯ ಕಾಣೆ

ಪೊಲೀಸ್ ಠಾಣೆಯ ಕನ್ನಡದಲ್ಲಿ ಎರಡೇ ಪದದ ಒಂದು ತಲೆಬರಹವಿದೆ: ‘ಮನುಷ್ಯ ಕಾಣೆ’. ಹೋದವನು ಮನೆಗೆ ಬರಲಿಲ್ಲವೆಂದು ಯಾರಾದರೂ ದೂರು ಕೊಟ್ಟರೆ ಕಡತದ ಮೇಲೆ ಬೀಳುವ ಹೆಸರು ಅದು. ಅದರ ಹಿಂದೆಯೇ ಪ್ರಕಟಣೆ ಬರುತ್ತದೆ. ವಯಸ್ಸು, ಎತ್ತರ, ಕೋಲುಮುಖವೋ ದುಂಡು ಮುಖವೋ, ಗೋಧಿ ಮೈಬಣ್ಣವೋ ಎಣ್ಣೆಗೆಂಪೋ, ಸಾಧಾರಣ ಮೈಕಟ್ಟು, ಮನೆಯಿಂದ ಹೊರಟಾಗ ತೊಟ್ಟಿದ್ದ ಅಂಗಿಯ ಬಣ್ಣ, ಆಡುವ ಭಾಷೆ. ಬೆಂಗಳೂರಿನ ಬೆಳ್ಳಂದೂರಿನಂಥ ಕಡೆ ಈ ಕೊನೆಯ ಸಾಲು ಬಹಳ ಹೇಳುತ್ತದೆ. ಕೆರೆಯ ಸುತ್ತ ಹೊಲಗದ್ದೆಯಿದ್ದ ಹಳ್ಳಿಗೆ ಈಗ ಟೆಕ್ ಪಾರ್ಕು, ಪಿಜಿ, ತಗಡಿನ ಶೆಡ್ಡು ಎಲ್ಲ ಬಂದಿವೆ. ಕನ್ನಡ, ಹಿಂದಿ, ಬಂಗಾಳಿ, ಒಡಿಯಾ ಆಡುವವರು ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ. ಪಕ್ಕದ ಕೋಣೆಯವನ ಹೆಸರು ಗೊತ್ತಿಲ್ಲದ ಊರಿನಲ್ಲಿ ಒಬ್ಬ ಮನುಷ್ಯ ಇಲ್ಲವಾದನೆಂದು ಗಮನಕ್ಕೆ ಬರುವುದೇ ತಡ.

‘ಕಾಣೆ’ ಎಂಬ ಮಾತನ್ನು ನಾವು ಈಗ ನಾಮಪದದಂತೆ ಬಳಸುತ್ತೇವೆ. ಹುಟ್ಟಿನಲ್ಲಿ ಅದು ಕ್ರಿಯಾಪದ. ‘ಕಾಣ್’ ಧಾತುವಿನ ಉತ್ತಮ ಪುರುಷ, ಏಕವಚನ, ನಿಷೇಧ ರೂಪ. ಹಳಗನ್ನಡದಲ್ಲಿ ‘ಕಾಣೆಂ’, ಆಮೇಲೆ ‘ಕಾಣೆನು’, ‘ಕಾಣೆ’. ಅರಿಯೆ, ಒಲ್ಲೆ, ತಾಳೆ ಎಂಬುವು ಇದರ ಒಡಹುಟ್ಟುಗಳು. ‘ಅಂಥ ಇನ್ನೊಬ್ಬನನ್ನು ನಾ ಕಾಣೆ’ ಎನ್ನುವಾಗ ಇಂದಿಗೂ ಆ ಹಳೆಯ ಅರ್ಥ ಜೀವಂತವಾಗಿದೆ. ಕಾಣೆ ಎಂದರೆ ‘ನಾನು ಅವನನ್ನು ಕಾಣುತ್ತಿಲ್ಲ’. ಆ ಮಾತಿನ ಕರ್ತೃ ಹೋದವನಲ್ಲ, ಉಳಿದವಳು. ಹೊಸ್ತಿಲಲ್ಲಿ ನಿಂತು ದಾರಿ ನೋಡುವವಳು.

ಕನ್ನಡದ ಈ ನಿಷೇಧ ರೂಪಕ್ಕೆ ಇನ್ನೊಂದು ಗುಣವಿದೆ, ಅದಕ್ಕೆ ಕಾಲವಿಲ್ಲ. ‘ಕಂಡೆ’ ಭೂತಕಾಲ, ‘ಕಾಣುವೆ’ ಭವಿಷ್ಯ. ‘ಕಾಣೆ’ ಮಾತ್ರ ಮೂರಕ್ಕೂ ಸಲ್ಲುತ್ತದೆ: ಕಾಣಲಿಲ್ಲ, ಕಾಣುತ್ತಿಲ್ಲ, ಕಾಣಲಾರೆ. ಮಗನನ್ನು ಯಾರೋ ಒಯ್ದು ವರ್ಷಗಟ್ಟಲೆ ಸುದ್ದಿಯಿಲ್ಲದ ತಾಯಿಯ ಸ್ಥಿತಿಗೆ ಇದಕ್ಕಿಂತ ಸರಿಯಾದ ವ್ಯಾಕರಣ ಇನ್ನೊಂದು ಭಾಷೆಯಲ್ಲಿ ಇದ್ದೀತೆಂದು ನನಗನ್ನಿಸುವುದಿಲ್ಲ. ಅವಳು ‘ಇದ್ದ’ ಎನ್ನಲಾರಳು, ‘ಇದ್ದಾನೆ’ ಎಂದೂ ಹೇಳಲಾರಳು.

‘ಕಾಣ್’ ಎಂಬ ಧಾತು ಬಹಳ ಉದಾರಿ. ದೊಡ್ಡವರನ್ನು ಕಾಣುವಾಗ ಒಪ್ಪಿಸುವುದು ಕಾಣಿಕೆ. ಗುರುತಿಲ್ಲದವರು ಕಂಡವರು. ಕುಂದಾಪುರದ ಕಡೆ ‘ನೋಡಿ’ ಎನ್ನುವುದಕ್ಕೆ ‘ಕಾಣಿ’, ನೋಡೋಣ ಎನ್ನುವುದಕ್ಕೆ ‘ಕಾಂಬ’. ವಚನಕಾರರ ‘ಕಾಣಾ’ ಎಂಬ ಕರೆ ಕೇಳುವವನನ್ನು ಎದುರಿಗೇ ತಂದು ನಿಲ್ಲಿಸುತ್ತದೆ. ಇಷ್ಟೊಂದು ಮುಖಾಮುಖಿಯ ಮನೆತನದಲ್ಲಿ ಹುಟ್ಟಿದ ಪದ ಠಾಣೆಯ ಕಡತಕ್ಕೆ ಹೋಗಿ ‘ಕಾಣೆಯಾದ’ ಎಂದಾಯಿತು. ಮಳೆಯಾಯಿತು, ಬೆಳಗಾಯಿತು ಎನ್ನುವಾಗಿನ ‘ಆಗು’ ಅದರ ಹಿಂದೆ ಬಂದು ಕೂತಿತು. ತಾನಾಗಿ ಆದದ್ದು, ಯಾರೂ ಮಾಡದ್ದು. ಮುಪ್ಪಿನ ಮರೆವಿಗೆ ಮನೆಯ ದಾರಿ ತಪ್ಪಿದ ಅಜ್ಜನ ವಿಷಯದಲ್ಲಿ ಆ ‘ಆಗು’ ಸರಿಯೇ. ಜೀಪಿನಲ್ಲಿ ಕೂರಿಸಿಕೊಂಡು ಒಯ್ದವನ ವಿಷಯದಲ್ಲಿ ಅದು ಸುಳ್ಳು.

1976ರ ಮೇ 1ರ ಸಂಜೆ ಬೆಂಗಳೂರಿನ ರಿಚ್‌ಮಂಡ್ ಟೌನಿನ ಮನೆಯೊಂದಕ್ಕೆ ಪೊಲೀಸರು ಬಂದರು. ಅದು ಅಲೀಸ್ ಫರ್ನಾಂಡಿಸರ ಮನೆ. ತುರ್ತು ಪರಿಸ್ಥಿತಿ ಬಂದು ಹತ್ತು ತಿಂಗಳಾಗಿತ್ತು. ಹಿರಿಯ ಮಗ, ಸಮಾಜವಾದಿ ಮುಖಂಡ ಜಾರ್ಜ್ ಭೂಗತ. ಇನ್ನೊಬ್ಬ ಮಗ ಮೈಕೆಲ್ ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆಯ ಕಾರ್ಮಿಕ ಮುಖಂಡ, ಆಗಲೇ ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಸೆರೆಮನೆಯಲ್ಲಿದ್ದ. ಬೆಳ್ಳಂದೂರಿನಿಂದ ಹೊರವರ್ತುಲ ರಸ್ತೆ ಹಿಡಿದು ಕೃಷ್ಣರಾಜಪುರದ ಕಡೆ ಹೋದರೆ ಸಿಗುವ ದೂರವಾಣಿನಗರ ಅದೇ ಐಟಿಐ ಕಟ್ಟಿದ ಊರು. ಈ ಪೂರ್ವದ ಅಂಚಿಗೆ ಐಟಿ ಬರುವ ಮೊದಲು ಇದ್ದದ್ದು ಆ ಕಾರ್ಖಾನೆಯ ಸೈರನ್ನು, ಆ ಸಂಘದ ಬಾವುಟ. ಪೊಲೀಸರು ಅವತ್ತು ಒಯ್ದದ್ದು ರಾಜಕೀಯದಲ್ಲಿ ಇಲ್ಲದ ಮಗ ಲಾರೆನ್ಸ್‌ನನ್ನು. ಬೇಕಾಗಿದ್ದದ್ದು ಅಣ್ಣನ ಸುಳಿವು.

ಮೂರು ವಾರದ ಹತ್ತಿರ ಮನೆಯವರಿಗೆ ಲಾರೆನ್ಸ್ ಎಲ್ಲಿದ್ದಾನೆಂಬುದೇ ತಿಳಿಯಲಿಲ್ಲ. ಮೇ 1ರಂದು ಮನೆಯಿಂದ ಕರೆದೊಯ್ದವನನ್ನು ಬೇರೆ ದಿನ, ಬೇರೆ ಊರಿನಲ್ಲಿ ಹಿಡಿದದ್ದೆಂದು ಕಾಗದದಲ್ಲಿ ತೋರಿಸಲಾಯಿತು. ಕಡೆಗೆ ತಾಯಿ ಅವನನ್ನು ಕಂಡದ್ದು ಸೆರೆಮನೆಯಲ್ಲಿ. ಇಬ್ಬರ ಆಸರೆಯಿಲ್ಲದೆ ಅವನಿಂದ ಹೆಜ್ಜೆ ಎತ್ತಲಾಗುತ್ತಿರಲಿಲ್ಲ. ಎಡಭಾಗ ಲಕ್ವ ಹೊಡೆದಂತಿತ್ತು. ಮೇ 27ರಂದು ಅಲೀಸ್ ಫರ್ನಾಂಡಿಸ್ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರಿಗೆ ಪತ್ರ ಬರೆದರು. ದೊಣ್ಣೆ ಮುರಿಯುವ ತನಕ ಹೊಡೆದದ್ದು, ಆಲದ ಬಿಳಲಿನಿಂದ ಹೊಡೆದದ್ದು, ಓಡುವ ರೈಲಿನ ಕೆಳಗೆ ಎಸೆಯುತ್ತೇವೆಂದು ಹೆದರಿಸಿದ್ದು ಎಲ್ಲ ಅದರಲ್ಲಿದೆ. ರೈಲಿನ ಬೆದರಿಕೆಯನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಅದು ನಡೆದಿದ್ದರೆ ಹಳಿಯ ಮೇಲೆ ಅಪರಿಚಿತ ಶವ ಎಂಬ ಒಂದು ಸಾಲು, ರಿಚ್‌ಮಂಡ್ ಟೌನಿನಲ್ಲಿ ಮನುಷ್ಯ ಕಾಣೆ ಎಂಬ ಇನ್ನೊಂದು ಸಾಲು. ಎರಡೂ ಸಾಲು ಒಬ್ಬನದೇ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದೇ ಮೇ ತಿಂಗಳ 2ರಂದು ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಅವರು. ಬೆಂಗಳೂರು ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದು, 20ರಂದು ತೀರಿಕೊಂಡರು. ಅವರು ಎಲ್ಲಿದ್ದರೆಂಬುದು ಮನೆಯವರಿಗೆ ಗೊತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವಲ್ಲ.

ಇಂಥ ಹೊತ್ತಿನಲ್ಲಿ ಕೋರ್ಟಿನ ಬಳಿ ಇರುವ ಮದ್ದು ಹೇಬಿಯಸ್ ಕಾರ್ಪಸ್. ಹಿಡಿದಿಟ್ಟವನನ್ನು ನನ್ನ ಮುಂದೆ ತಂದು ತೋರಿಸು ಎಂಬ ಅಪ್ಪಣೆ. ‘ಕಾಣೆ’ ಎನ್ನುವ ತಾಯಿಯ ಪರವಾಗಿ ನ್ಯಾಯಾಲಯ ‘ಕಾಣಿಸು’ ಎನ್ನುತ್ತದೆ. 1975ರ ಜೂನ್ 26ರಂದು ಬೆಂಗಳೂರಿನಲ್ಲೇ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಈ ಬಾಗಿಲನ್ನೇ ತಟ್ಟಿದ್ದರು. ಅಂಥ ಅರ್ಜಿಗಳನ್ನು ಕೇಳಲೇಬೇಕೆಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಬಾಗಿಲನ್ನು ಮುಚ್ಚಿತು. ತುರ್ತು ಪರಿಸ್ಥಿತಿ ಇರುವಷ್ಟು ದಿನ ಹೀಗೆ ಕೇಳುವ ಹಕ್ಕೇ ಯಾರಿಗೂ ಇಲ್ಲ ಎಂದಿತು. ಪೊಲೀಸನೊಬ್ಬ ಸ್ವಂತ ಹಗೆಯಿಂದ ಯಾರನ್ನಾದರೂ ಕೊಂದರೆ ಏನು ಪರಿಹಾರ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ್ದಕ್ಕೆ, ಆಗಲೂ ಪರಿಹಾರವಿಲ್ಲ ಎಂಬುದು ಸರ್ಕಾರದ ವಕೀಲರ ಉತ್ತರವಾಗಿತ್ತು. ಐವರಲ್ಲಿ ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. ಲಾರೆನ್ಸ್‌ನನ್ನು ಒಯ್ದದ್ದು ಇದಾದ ಮೂರನೆಯ ದಿನ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಡುವೆ ನಲವತ್ತೊಂದು ವರ್ಷ.

ಲಾರೆನ್ಸ್ ಸಿಕ್ಕಿದ. ಪಕ್ಕದ ಕೇರಳದ ರಾಜನ್ ಸಿಗಲಿಲ್ಲ. ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಆ ವಿದ್ಯಾರ್ಥಿಯನ್ನು 1976ರ ಮಾರ್ಚ್ 1ರ ಬೆಳಗಿನ ಜಾವ ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ತಂದೆ ಈಚರ ವಾರಿಯರ್ ಹಿಂದಿ ಅಧ್ಯಾಪಕರು. ಒಂದು ವರ್ಷ ಕಚೇರಿ ಕಚೇರಿ ಅಲೆದರು, ತುರ್ತು ಪರಿಸ್ಥಿತಿ ಮುಗಿದ ಮೇಲೆ 1977ರಲ್ಲಿ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಆ ಕಾಲದಲ್ಲಿ ಗೃಹಮಂತ್ರಿಯಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್, ರಾಜನ್‌ನನ್ನು ಬಂಧಿಸಿಯೇ ಇಲ್ಲ ಎಂದು ಕೋರ್ಟಿಗೆ ಹೇಳಿಕೆ ಕೊಟ್ಟರು.

‘ಕಾಣೆ’ ಎಂಬ ಮಾತು ಪ್ರಭುತ್ವದ ಬಾಯಿಗೆ ಬಂದಾಗ ಏನಾಗುತ್ತದೆಂದು ಇಲ್ಲಿ ನೋಡಬೇಕು. ತಂದೆಯೂ ಕಾಣೆ ಎನ್ನುತ್ತಾನೆ, ಮಂತ್ರಿಯೂ ಕಾಣೆ ಎನ್ನುತ್ತಾನೆ. ಪದ ಒಂದೇ. ಒಬ್ಬನದು ದುಃಖ, ಇನ್ನೊಬ್ಬನದು ಸುಳ್ಳು. ಎರಡನ್ನೂ ಬೇರೆ ಮಾಡಿದ್ದು ಮೂರನೆಯವರ ‘ಕಂಡೆ’. ಅವನನ್ನು ಹಾಸ್ಟೆಲಿನಿಂದ ಒಯ್ದದ್ದನ್ನು ಕಂಡವರು, ಶಿಬಿರದೊಳಗೆ ಅವನನ್ನು ಕಂಡವರು ಬಂದು ಸಾಕ್ಷಿ ಹೇಳಿದರು. ಅವನು ಪೊಲೀಸರ ವಶದಲ್ಲಿದ್ದದ್ದು ನಿಜ ಎಂದು ಹೈಕೋರ್ಟು ತೀರ್ಮಾನಿಸಿತು. 1977ರ ಏಪ್ರಿಲ್ ಮುಗಿಯುವುದರೊಳಗೆ ಕರುಣಾಕರನ್ ರಾಜೀನಾಮೆ ಕೊಟ್ಟರು. ರಾಜನ್‌ನ ದೇಹ ಸಿಗಲೇ ಇಲ್ಲ. 2006ರಲ್ಲಿ ವಾರಿಯರ್ ತೀರಿಕೊಂಡಾಗಲೂ ಮಗನ ಒಂದು ಎಲುಬು ಅವರ ಕೈಗೆ ಬಂದಿರಲಿಲ್ಲ.

ಕೊಲೆಗಿಂತ ಹೀಗೆ ಇಲ್ಲವಾಗಿಸುವುದು ಯಾಕೆ ಬೇರೆ ಎಂದು ಕೇಳುವವರಿದ್ದಾರೆ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರನ್ನು ಮನೆ ಬಾಗಿಲಲ್ಲಿ ಕೊಂದಾಗ ಒಂದು ಮೃತದೇಹವಿತ್ತು, ಗುಂಡುಗಳಿದ್ದವು, ಆದ್ದರಿಂದ ತನಿಖೆ ನಡೆಯಿತು, ಮೊಕದ್ದಮೆ ನಿಂತಿತು. ಜನ ಬಂದು ಅಂತಿಮ ದರ್ಶನ ಮಾಡಿದರು. ಒಯ್ದು ಇಲ್ಲವಾಗಿಸಿದವರ ವಿಷಯದಲ್ಲಿ ಅಪರಾಧವೇ ನಡೆದಿಲ್ಲ ಎನ್ನಬಹುದು. ಅರ್ಜೆಂಟೀನಾದ ಸೇನಾಡಳಿತದ ಮುಖ್ಯಸ್ಥ ವಿಡೆಲಾ 1979ರಲ್ಲಿ ಪತ್ರಕರ್ತರೆದುರು ಹೇಳಿದ್ದರ ಸಾರ ಅದೇ: ಕಾಣೆಯಾದವನು ಬದುಕಿಯೂ ಇಲ್ಲ, ಸತ್ತೂ ಇಲ್ಲ, ಅವನು ಇಲ್ಲವೇ ಇಲ್ಲ. ಅಷ್ಟರಲ್ಲಿ ಬ್ಯೂನಸ್ ಐರಿಸ್ಸಿನ ಪ್ಲಾಸಾ ದೆ ಮಾಯೊ ಚೌಕದಲ್ಲಿ ತಾಯಂದಿರು ಬಿಳಿಯ ತಲೆವಸ್ತ್ರ ಕಟ್ಟಿ ಸುತ್ತು ಹಾಕತೊಡಗಿ ಎರಡು ವರ್ಷ ದಾಟಿತ್ತು. ಆ ಗುಂಪು ಕಟ್ಟಿದ ಅಸುಸೇನಾ ವಿಯಾಫ್ಲೋರ್ ಅವರನ್ನೇ 1977ರ ಡಿಸೆಂಬರಿನಲ್ಲಿ ಅಪಹರಿಸಲಾಯಿತು. ಅವರ ಅಸ್ಥಿಯ ಗುರುತು ಸಿಕ್ಕಿದ್ದು 2005ರಲ್ಲಿ. ನಮಗೆ ಹತ್ತಿರದ ಕೊಲಂಬೊದಲ್ಲಿ ವ್ಯಂಗ್ಯಚಿತ್ರಕಾರ, ಪತ್ರಕರ್ತ ಪ್ರಗೀತ್ ಎಕ್ನಲಿಗೊಡ 2010ರ ಜನವರಿ 24ರಂದು, ಅಧ್ಯಕ್ಷೀಯ ಚುನಾವಣೆಗೆ ಎರಡು ದಿನವಿರುವಾಗ, ಮನೆಗೆ ಮರಳಲಿಲ್ಲ. ಹೆಂಡತಿ ಸಂಧ್ಯಾ ಅಂದಿನಿಂದ ಕೋರ್ಟು, ಬೀದಿ, ದೇಗುಲಗಳ ಮೆಟ್ಟಿಲು ಹತ್ತುತ್ತಲೇ ಇದ್ದಾರೆ.

ಇಂಥವರ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಮ್ಮ ಬಳಿ ಮೂರು ಪದಗಳಿವೆ. ಪತ್ರಿಕೆಗೆ ಪ್ರಿಯವಾದದ್ದು ‘ನಾಪತ್ತೆ’. ಅದರಲ್ಲಿ ಓಡಿಹೋದವನ ಛಾಯೆಯಿದೆ. ಸಾಲಗಾರ ನಾಪತ್ತೆ, ಆರೋಪಿ ನಾಪತ್ತೆ. ಇಲ್ಲವಾದ ಪತ್ರಕರ್ತನಿಗೆ ಆ ಪದ ಹಚ್ಚಿದರೆ ತಪ್ಪು ಅವನ ತಲೆಗೇ ಬರುತ್ತದೆ. ಎರಡನೆಯದು ‘ಕಣ್ಮರೆ’. ಗುಬ್ಬಿಗಳ ಬಗ್ಗೆ, ಅಳಿಯುವ ಜಾನಪದ ಕಲೆಗಳ ಬಗ್ಗೆ ಬರೆಯಲು ಚೆನ್ನ; ‘ಬಲವಂತದ ಕಣ್ಮರೆ’ ಎಂದು ವಿಶೇಷಣ ಸೇರಿಸಿದರೂ ಬಲವಂತ ಮಾಡಿದವನು ಮರೆಯಲ್ಲೇ ಉಳಿಯುತ್ತಾನೆ. ಮೂರನೆಯದು ‘ಕಾಣೆಯಾದ’. ಮನೆಯ ಮಂದಿ ಈ ಮೂರನ್ನೂ ಬಳಸುವುದಿಲ್ಲ. ಅವರು ಹೇಳುವುದು ‘ಎತ್ತಾಕ್ಕೊಂಡು ಹೋದರು’, ‘ವಿಚಾರಣೆಗೆ ಅಂತ ಕರ್ಕೊಂಡು ಹೋದರು, ಕಳಿಸಲೇ ಇಲ್ಲ’. ಅದರಲ್ಲಿ ಕರ್ತೃವಿದ್ದಾನೆ, ಕ್ರಿಯೆಯಿದೆ, ಕಾಲವಿದೆ. ನಮ್ಮ ಪತ್ರಿಕೆಗಳು ಈ ಮಾತನ್ನು ಹಾಗೆಯೇ ಅಚ್ಚು ಹಾಕಬೇಕು. ಯಾರು ಒಯ್ದರೆಂಬುದಕ್ಕೆ ಸಾಕ್ಷಿಯಿರುವ ಕಡೆ ‘ಕಾಣೆಯಾದ’ ಎಂದು ಬರೆಯುವುದು ಒಯ್ದವರಿಗೆ ಮಾಡುವ ಉಪಕಾರ.

ಇದಕ್ಕೆಲ್ಲ ತುರ್ತು ಪರಿಸ್ಥಿತಿಯೇ ಬೇಕೆಂದಿಲ್ಲ. ವೀರಪ್ಪನ್ ಬೇಟೆಯ ಕಾಲದಲ್ಲಿ ಚುನಾಯಿತ ಸರ್ಕಾರಗಳ ಕಾರ್ಯಪಡೆಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರನ್ನು ಒಯ್ದು ಏನೆಲ್ಲ ಮಾಡಿದವೆಂಬುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕೇಳಿ ದಾಖಲಿಸಿತು. 2007ರಲ್ಲಿ ಆಯೋಗ 89 ಮಂದಿಗೆ ಪರಿಹಾರ ಕೊಡಿಸಿತು. ಬೆಳ್ಳಂದೂರಿನ ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಬಾಂಗ್ಲಾದೇಶಿಗಳೆಂಬ ಗುಲ್ಲೆದ್ದು ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಅದು ಕಾನೂನುಬಾಹಿರವೆಂದು ಹೈಕೋರ್ಟು ಆಮೇಲೆ ಹೇಳಿತು. ಅಲ್ಲಿ ಯಾರೂ ‘ಕಾಣೆ’ಯ ಪಟ್ಟಿಗೆ ಸೇರಲಿಲ್ಲ, ನಿಜ. ಆದರೆ ಇಡೀ ಕೇರಿಯೊಂದು ಎದ್ದುಹೋದಾಗ ಯಾರ್‍ಯಾರು ಎಲ್ಲಿ ಹೋದರೆಂದು ಲೆಕ್ಕ ಇಟ್ಟ ನೆರೆಯವರು ಎಷ್ಟು ಮಂದಿ?

ಕಾನೂನು ಈಗ ನಮ್ಮ ಕೈಗೆ ಕೊಟ್ಟಿರುವುದು ಕಡಿಮೆಯೇನಲ್ಲ. 1996ರ ಡಿ.ಕೆ. ಬಸು ಪ್ರಕರಣದ ತೀರ್ಪಿನ ಪ್ರಕಾರ ಬಂಧಿಸುವ ಪೊಲೀಸರು ಹೆಸರು, ಹುದ್ದೆ ಕಾಣುವಂತೆ ಧರಿಸಿರಬೇಕು; ದಿನ, ಹೊತ್ತು ಬರೆದ ಬಂಧನ ಪತ್ರಕ್ಕೆ ಮನೆಯವರೋ ಬೀದಿಯ ಗಣ್ಯರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು; ಎಲ್ಲಿ ಇಟ್ಟಿದ್ದೇವೆಂದು ಬಂಧುಗಳಿಗೋ ಗೆಳೆಯರಿಗೋ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ 22ನೆಯ ವಿಧಿ. ಆದರೆ ಪ್ರಭುತ್ವವೇ ಮನುಷ್ಯನನ್ನು ಒಯ್ದು ಇಲ್ಲವೆನ್ನುವುದನ್ನು ಬೇರೆಯೇ ಅಪರಾಧವೆಂದು ಹೆಸರಿಟ್ಟು ಶಿಕ್ಷಿಸುವ ಕಲಮು ನಮ್ಮ ದಂಡಸಂಹಿತೆಯಲ್ಲಿಲ್ಲ. ಅದನ್ನು ಅಪರಾಧವೆನ್ನುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರ ಫೆಬ್ರುವರಿ 6ರಂದು ಸಹಿ ಹಾಕಿತು, ಅನುಮೋದಿಸಲಿಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂಬ ಸಾಕ್ಷ್ಯ ಕಾನೂನಿನ ನಿಯಮ ಮಾತ್ರ ಬ್ರಿಟಿಷರ ಕಾಲದಿಂದ ಇದೆ. ಅದು ಆಸ್ತಿಯ ಪ್ರಶ್ನೆಗೆ ಉತ್ತರ ಕೊಡುತ್ತದೆ, ಒಯ್ದವರು ಯಾರೆಂಬ ಪ್ರಶ್ನೆಗಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಬೀದಿಯಿಂದ, ಪಿಜಿಯಿಂದ, ಶೆಡ್ಡಿನಿಂದ ಯಾರನ್ನಾದರೂ ವಾಹನಕ್ಕೆ ಹತ್ತಿಸುತ್ತಿದ್ದರೆ, ಅವರು ನಿಮ್ಮವರಲ್ಲದಿದ್ದರೂ, ಯಾವ ಠಾಣೆಗೆ ಎಂದು ಕೇಳಿ. ಹೊತ್ತು, ವಾಹನದ ನಂಬರು, ಎದೆಯ ಮೇಲಿನ ಹೆಸರು ಬರೆದಿಟ್ಟುಕೊಳ್ಳಿ. ನಾಳೆ ಅವರ ತಾಯಿ ಬಂದು ವಿಚಾರಿಸಿದಾಗ ‘ಕಂಡೆ’ ಎಂದು ಹೇಳಿ; ಕೋರ್ಟು ಕರೆದರೆ ಅಲ್ಲಿಯೂ ಹೋಗಿ ಹೇಳಿ.