ಬೀದರಿನಿಂದ ಕಂಡ ಕೆನ್ಯಾ

ಬೀದರ್ ಜಿಲ್ಲೆಯವರಿಗೆ ಬೆಂಗಳೂರು ಸುಮಾರು 700 ಕಿ.ಮೀ. ದೂರ, ಹೈದರಾಬಾದು ಬರೀ 140. ಭಾಲ್ಕಿ, ಔರಾದ್ ಕಡೆಯವರಿಗೆ ಪುಣೆಯೂ ಪರವೂರೇನಲ್ಲ. ಉದಗೀರ, ಲಾತೂರ ದಾಟಿ ಓದಿಗೆ, ಕೆಲಸಕ್ಕೆ ಅಲ್ಲಿಗೆ ಹೋದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಆಫ್ರಿಕಾದ ಕೆನ್ಯಾ ದೇಶದ ಕ್ರಿಕೆಟ್ ಚರಿತ್ರೆಯ ಎರಡು ದೊಡ್ಡ ದಿನಗಳು ನಮ್ಮ ಎಡಬಲದ ಈ ಎರಡು ಊರುಗಳಲ್ಲೇ ನಡೆದವು. 1996ರ ಫೆಬ್ರವರಿ 29ರಂದು ಪುಣೆಯಲ್ಲಿ ಅದು ವೆಸ್ಟ್ ಇಂಡೀಸನ್ನು ಸೋಲಿಸಿತು. 1998ರ ಮೇ 17ರಂದು ಹೈದರಾಬಾದಿನಲ್ಲಿ ಬಾಂಗ್ಲಾದೇಶಕ್ಕೆ ಸೋತಿತು. ಮೊದಲನೆಯದನ್ನು ಎಲ್ಲರೂ ನೆನೆಯುತ್ತಾರೆ. ಆ ತಂಡ ಏಕೆ ಬೆಳೆದು ಏಕೆ ಬಾಡಿತು ಎಂದು ತಿಳಿಯಬೇಕಾದವರು ಎರಡನೆಯದನ್ನು ನೋಡಬೇಕು. ಭಾಲ್ಕಿ ಮತ್ತು ಔರಾದ್ ತಾಲ್ಲೂಕಿನ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ಹುಡುಗರಿಗೆ ಆಟ ಕಲಿಸಿದವನು ನಾನು. ಕೆನ್ಯಾದ ಕಥೆ ನನಗೆ ಬೇರೆ ದೇಶದ ಕಥೆಯೆಂದು ಯಾವತ್ತೂ ಅನಿಸಿಲ್ಲ.

ಆಫ್ರಿಕಾ ಬೀದರಿಗೆ ಹೊಸದೂ ಅಲ್ಲ. ಊರ ಪೂರ್ವಕ್ಕೆ ಹಬ್ಶಿಕೋಟೆಯ ಗುಡ್ಡವಿದೆ, ಅದರ ಮೇಲೆ ಹಬ್ಶಿ ಸರದಾರರ ಗೋರಿಗಳಿವೆ. ಅಬಿಸೀನಿಯಾದಿಂದ ಬಂದವರು ಬಹಮನಿ ದರ್ಬಾರಿನಲ್ಲಿ ಸೈನಿಕರಾಗಿ, ಅಮೀರರಾಗಿ ಬೆಳೆದರು. 1657ರಲ್ಲಿ ಔರಂಗಜೇಬನ ಸೈನ್ಯ ಬಂದು ಮುತ್ತಿದಾಗ ಬಿಜಾಪುರದ ಪರವಾಗಿ ಬೀದರ್ ಕೋಟೆಯನ್ನು ಕಾದವನು ಸಿದ್ದಿ ಮಲಿಕ್ ಮರ್ಜಾನ್. ಮದ್ದಿನ ಸಂಗ್ರಹ ಸಿಡಿದು ಗಾಯಗೊಂಡ ಆ ಮುದುಕ ಅದರಿಂದಲೇ ಸತ್ತ. ಆ ಕಾಲದಲ್ಲಿ ಜನ ಆಫ್ರಿಕಾದಿಂದ ಇಲ್ಲಿಗೆ ಬಂದರು. ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ಅಲ್ಲಿಗೆ ಹೋದರು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಡಕ್ಕೆ ರೈಲು ಹಳಿ ಹಾಕಲು ಹಿಂದುಸ್ತಾನದಿಂದ ಸುಮಾರು 32,000 ಕೂಲಿಗಳನ್ನು ಸಾಗಿಸಿದರು, ಹೆಚ್ಚಿನವರು ಪಂಜಾಬಿಗಳು. ಸುಮಾರು 2,500 ಮಂದಿ ಅಲ್ಲೇ ಪ್ರಾಣಬಿಟ್ಟರು. ಅವರ ಹಿಂದೆಯೇ ಗುಜರಾತಿ ವ್ಯಾಪಾರಿಗಳು, ಗೋವಾದ ಗುಮಾಸ್ತರು ಬಂದು ನೆಲೆಸಿದರು. ಕೆನ್ಯಾದ ಕ್ರಿಕೆಟ್ಟಿಗೆ ಬುನಾದಿ ಹಾಕಿದವರಲ್ಲಿ ಇವರ ಮಕ್ಕಳು ಮೊಮ್ಮಕ್ಕಳೇ ಬಹಳ.

ಬಿಳಿಯರು ಮೊದಲು ತಮ್ಮೊಳಗೇ ಆಡಿಕೊಂಡರು. 1910ರಲ್ಲಿ ಸರ್ಕಾರಿ ಅಧಿಕಾರಿಗಳ ತಂಡಕ್ಕೂ ಜಮೀನುದಾರ ವಲಸಿಗರ ತಂಡಕ್ಕೂ ನಡುವೆ ಪಂದ್ಯ ಶುರುವಾಯಿತು. ಭಾರತೀಯರು ತಮ್ಮ ತಮ್ಮ ಸಮಾಜದ ಕ್ಲಬ್ ಕಟ್ಟಿಕೊಂಡರು: ಸಿಖ್ ಯೂನಿಯನ್, ಆಗಾ ಖಾನ್, ಸರ್ ಅಲಿ ಮುಸ್ಲಿಂ ಕ್ಲಬ್, ಸ್ವಾಮಿಬಾಪಾ, ನೈರೋಬಿ ಜಿಮಖಾನಾ. ಆ ನೆಲದ ಕರಿಯ ಮಕ್ಕಳಿಗೆ ಎರಡೂ ಕಡೆ ಜಾಗವಿರಲಿಲ್ಲ. 1975ರ ಮೊದಲ ವಿಶ್ವಕಪ್ಪಿಗೆ ಕೆನ್ಯಾ, ಉಗಾಂಡಾ, ಟಾಂಜಾನಿಯಾ, ಜಾಂಬಿಯಾ ಸೇರಿದ ‘ಪೂರ್ವ ಆಫ್ರಿಕಾ’ ತಂಡ ಹೋಯಿತು. ನಾಯಕ ಹರಿಲಾಲ್ ಶಾ. ತಂಡದ ಹೆಸರುಗಳನ್ನು ಓದಿದರೆ ಹೆಚ್ಚಿನವು ನಮ್ಮ ಗುಜರಾತ್, ಪಂಜಾಬಿನವು. ಲೀಡ್ಸ್‌ನಲ್ಲಿ ಅದು 120 ರನ್ನಿಗೆ ಆಲೌಟಾಗಿ ಭಾರತಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವಕಪ್ಪಿನಲ್ಲಿ ಭಾರತದ ಮೊಟ್ಟಮೊದಲ ಗೆಲುವು ಅದೇ. ಬಿಷನ್ ಸಿಂಗ್ ಬೇಡಿ 12 ಓವರಿನಲ್ಲಿ 8 ಮೇಡನ್ ಹಾಕಿ ಬರೀ 6 ರನ್ ಕೊಟ್ಟರು.

1981ರಲ್ಲಿ ಕೆನ್ಯಾ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ (ಐಸಿಸಿ) ಪ್ರತ್ಯೇಕ ಸದಸ್ಯ ದೇಶವಾಯಿತು. ಆ ಹೊತ್ತಿಗೆ ಕ್ಲಬ್ ಮೈದಾನಗಳ ಅಕ್ಕಪಕ್ಕದ ವಸತಿಗಳ ಆಫ್ರಿಕನ್ ಹುಡುಗರು ಬೇಲಿಯಾಚೆಯಿಂದ ಆಟ ನೋಡಿ, ಚೆಂಡು ಹೆಕ್ಕಿಕೊಟ್ಟು, ಕೊನೆಗೆ ಒಳಗೇ ಬಂದಿದ್ದರು. ಬಹಳ ಮಂದಿ ಲುವೊ ಸಮುದಾಯದವರು, ಅದರಲ್ಲೂ ಕೆಲವೇ ಮನೆತನದವರು. ಟಿಕೊಲೊ ಅಣ್ಣತಮ್ಮಂದಿರು, ಒಡುಂಬೆ ಅಣ್ಣತಮ್ಮಂದಿರು, ಸೂಜಿ ಅಣ್ಣತಮ್ಮಂದಿರು, ಆಮೇಲೆ ಒಬುಯಾ ಮನೆಯ ಮೂವರು. ಈ ಸಂಗತಿ ನೆನಪಿನಲ್ಲಿರಲಿ. ಒಂದು ದೇಶದ ತಂಡ ಒಂದೇ ಪಟ್ಟಣದ ನಾಲ್ಕೈದು ಮೈದಾನಗಳಿಂದ, ನಾಲ್ಕೈದು ಮನೆಗಳಿಂದ ಎದ್ದು ನಿಂತಿತ್ತು. 1994ರಲ್ಲಿ ನೈರೋಬಿಯಲ್ಲೇ ನಡೆದ ಐಸಿಸಿ ಟ್ರೋಫಿಯಲ್ಲಿ ಎರಡನೆಯ ಸ್ಥಾನ ಪಡೆದು ಅದು ವಿಶ್ವಕಪ್ಪಿಗೆ ಬಂತು.

ಪುಣೆಯ ಪಂದ್ಯದ ದಿನ ಗುರುವಾರ. ಶಾಲೆ ಬಿಟ್ಟು ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ಚಹಾಕ್ಕೆ ಹೋದಾಗ ಹೋಟೆಲಿನವರು ರೇಡಿಯೊ ಕಡೆ ಕೈತೋರಿಸಿ, “ಮಾಸ್ತರ್, ವೆಸ್ಟ್ ಇಂಡೀಸ್ ಖಲ್ಲಾಸ್ ಆಗ್ಯಾದ್ರಿ!” ಎಂದರು. ಕೆನ್ಯಾ 166ಕ್ಕೆ ಔಟಾಗಿತ್ತು. ಅಷ್ಟು ಸಣ್ಣ ಮೊತ್ತವನ್ನು ಬೆನ್ನಟ್ಟಿದ ವೆಸ್ಟ್ ಇಂಡೀಸ್ 93ಕ್ಕೆ ಬಿತ್ತು. ಬ್ರಯನ್ ಲಾರಾ 8 ರನ್ ಮಾಡಿ ರಜಬ್ ಅಲಿಯ ಎಸೆತದಲ್ಲಿ ವಿಕೆಟ್ ಕೀಪರ್ ತಾರಿಕ್ ಇಕ್ಬಾಲ್‌ಗೆ ಕ್ಯಾಚ್ ಕೊಟ್ಟಿದ್ದರು. ನಾಯಕ ಮಾರಿಸ್ ಒಡುಂಬೆ 15 ರನ್ನಿಗೆ 3 ವಿಕೆಟ್ ತೆಗೆದಿದ್ದರು. ಕನ್ನಡ, ಮರಾಠಿ, ಉರ್ದು ಮೂರೂ ಮಾತು ಕೇಳುವ ಆ ಹೋಟೆಲಿನಲ್ಲಿ ಅವತ್ತು ಎಲ್ಲರೂ ಕೆನ್ಯಾದವರೇ ಆಗಿದ್ದರು.

ಎರಡು ವರ್ಷದ ಮೇಲೆ, ಬೇಸಿಗೆ ರಜೆಯಲ್ಲಿ, ಭಾರತ, ಕೆನ್ಯಾ, ಬಾಂಗ್ಲಾದೇಶಗಳ ತ್ರಿಕೋನ ಸರಣಿ ನಡೆಯಿತು. ಜಹೀರಾಬಾದು, ಸಂಗಾರೆಡ್ಡಿ, ಪಟಾನ್‌ಚೆರುವಿನ ಮೇಲೆ ಹಾಯುವ ಬಸ್ಸು ಹಿಡಿದು ನಾನೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಹೈದರಾಬಾದಿಗೆ ಹೋದೆವು. ಭಾರತ ಆಡದ ಪಂದ್ಯಕ್ಕೆ ಇಷ್ಟು ದೂರ ಏಕೆ ಎಂದು ಮನೆಯಲ್ಲಿ ಕೇಳಿದ್ದರು. ಪುಣೆಯಲ್ಲಿ ಗೆದ್ದವರನ್ನು ಕಣ್ಣಾರೆ ನೋಡಬೇಕೆಂಬುದೇ ನನ್ನ ಆಸೆ. ಸ್ಟೀವ್ ಟಿಕೊಲೊ ನಿಂತ ಭಂಗಿಯೇ ಹುಡುಗರಿಗೆ ಪಾಠವಾಗುವಂಥದ್ದು: ತಲೆ ಅಲುಗದು, ಬ್ಯಾಟು ತಡವಾಗಿ ಇಳಿಯುತ್ತದೆ. ಹಿಂದಿನ ವರ್ಷ ಕ್ವಾಲಾಲಂಪುರದಲ್ಲಿ ಐಸಿಸಿ ಟ್ರೋಫಿ ಫೈನಲ್ಲಿನಲ್ಲಿ ಇದೇ ಬಾಂಗ್ಲಾದ ಎದುರು ಅವರು 147 ಹೊಡೆದಿದ್ದರು. ಆದರೂ ಮಳೆ ಬಂದು ಲೆಕ್ಕ ಬದಲಾಗಿ ಕೊನೆಯ ಎಸೆತದಲ್ಲಿ ಕೆನ್ಯಾ ಸೋತಿತ್ತು.

ಹೈದರಾಬಾದಿನಲ್ಲಿ ಕೆನ್ಯಾ 236 ಮಾಡಿತು. ಬಾಂಗ್ಲಾದ ಕೋಚ್ ಗಾರ್ಡನ್ ಗ್ರೀನಿಜ್ ಎಡಗೈ ಸ್ಪಿನ್ನರ್ ಮೊಹಮ್ಮದ್ ರಫೀಕ್‌ರನ್ನು ಇನಿಂಗ್ಸ್ ಆರಂಭಿಸಲು ಕಳಿಸಿದರು. ಅವರು 77 ಬಾರಿಸಿದರು. ಅತರ್ ಅಲಿ ಖಾನ್ ಜೊತೆ ಮೊದಲ ವಿಕೆಟ್ಟಿಗೆ 137 ರನ್ ಬಂತು. ಆರು ವಿಕೆಟ್ ಉಳಿಸಿಕೊಂಡು ಬಾಂಗ್ಲಾ ಗೆದ್ದಿತು. ಏಕದಿನ ಕ್ರಿಕೆಟ್ಟಿನಲ್ಲಿ ಆ ದೇಶದ ಮೊದಲ ಜಯ ಅದು. ಕೆನ್ಯಾದವರು ಅದರಿಂದ ಎದೆಗುಂದಲಿಲ್ಲ. ಬೆಂಗಳೂರಿನಲ್ಲಿ ಭಾರತದ ಎದುರು ಸೋತರೂ ಮೇ 28ರಂದು ಗ್ವಾಲಿಯರಿನಲ್ಲಿ ಅದೇ ಭಾರತವನ್ನು 69 ರನ್ನಿನಿಂದ ಸೋಲಿಸಿದರು. ಅವತ್ತು ಒಡುಂಬೆ 83 ಹೊಡೆದರು. ಆಟದ ಬಲದಲ್ಲಿ ಕೆನ್ಯಾ, ಬಾಂಗ್ಲಾ ಎರಡು ತಂಡಗಳಲ್ಲಿ ಕೆನ್ಯಾವೇ ಮೇಲಿತ್ತು, ಇದನ್ನು ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ಆದರೆ 2000ದಲ್ಲಿ ಟೆಸ್ಟ್ ಮಾನ್ಯತೆ ಸಿಕ್ಕಿದ್ದು ಬಾಂಗ್ಲಾಕ್ಕೆ. ಆ ದೇಶದ ಪ್ರತಿ ಜಿಲ್ಲೆಯಲ್ಲೂ ಆಡುವ ಹುಡುಗರಿದ್ದರು, ನೋಡುವ ಲಕ್ಷಾಂತರ ಜನರಿದ್ದರು. ಕೆನ್ಯಾಕ್ಕೆ ಹನ್ನೊಂದು ಒಳ್ಳೆಯ ಆಟಗಾರರಿದ್ದರು. ಹನ್ನೆರಡನೆಯವನನ್ನು ಹುಡುಕಲು ನೈರೋಬಿಯ ಅದೇ ಮೈದಾನಗಳಿಗೇ ಹೋಗಬೇಕಿತ್ತು.

ಆ ನೈರೋಬಿಯಲ್ಲೇ ನಮ್ಮ ಕಡೆಯವರ ಹೆಸರೊಂದು ಬರೆಯಲ್ಪಟ್ಟಿದೆ. 1999ರ ಸೆಪ್ಟೆಂಬರ್ 26ರಂದು, ಜಿಮಖಾನಾ ಮೈದಾನದಲ್ಲಿ, ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದ ಎದುರು 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಪಡೆದರು. ದಕ್ಷಿಣ ಆಫ್ರಿಕಾ 117ಕ್ಕೆ ಮುಗಿಯಿತು. ಅದೇ ಟೂರ್ನಿಯಲ್ಲಿ ಮೊದಲ ಬಾರಿ ಭಾರತಕ್ಕೆ ಆಡಿದ ವಿಜಯ್ ಭಾರದ್ವಾಜ್ ಸರಣಿಶ್ರೇಷ್ಠರಾದರು. ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿದವರು. ನನ್ನ ಹುಡುಗರಿಗೆ ನಾನು ಮತ್ತೆ ಮತ್ತೆ ಹೇಳುತ್ತಿದ್ದ ಉದಾಹರಣೆ ಅವರದೇ. ಗದಗಿನವನಿಗೆ ಹತ್ತಿರದಲ್ಲಿ ಹುಬ್ಬಳ್ಳಿಯಿತ್ತು, ಹುಬ್ಬಳ್ಳಿಯಿಂದ ಮುಂದೆ ಬೆಂಗಳೂರಿಗೆ ದಾರಿಯಿತ್ತು. ಕೆನ್ಯಾದ ಹಳ್ಳಿ ಹುಡುಗನಿಗೆ ನೈರೋಬಿಯ ಆಚೆ ಅಂಥ ಮೆಟ್ಟಿಲುಗಳನ್ನು ಯಾರೂ ಕಟ್ಟಿರಲಿಲ್ಲ.

2003ರ ವಿಶ್ವಕಪ್ಪಿನಲ್ಲಿ ಕೆನ್ಯಾ ಸೆಮಿಫೈನಲ್ ತಲುಪಿದ ಕಥೆ ಬಹಳ ಮಂದಿಗೆ ಗೊತ್ತು. ಕೋಚ್ ನಮ್ಮ ಸಂದೀಪ್ ಪಾಟೀಲ್. ಭದ್ರತೆಯ ಭಯದಿಂದ ನ್ಯೂಜಿಲೆಂಡ್ ನೈರೋಬಿಗೆ ಬರಲಿಲ್ಲ, ಆ ಪಂದ್ಯದ ಅಂಕ ಕೆನ್ಯಾಕ್ಕೆ ಬಂತು. ಅದೊಂದನ್ನೇ ಹಿಡಿದು ಸೆಮಿಫೈನಲ್ ಅದೃಷ್ಟದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಫೆಬ್ರವರಿ 24ರಂದು ಶ್ರೀಲಂಕಾವನ್ನು 157ಕ್ಕೆ ಕೆಡವಿದವರು ಅವರು. ಲೆಗ್ ಸ್ಪಿನ್ನರ್ ಕಾಲಿನ್ಸ್ ಒಬುಯಾ 24ಕ್ಕೆ 5 ತೆಗೆದರು. ಬಾಂಗ್ಲಾವನ್ನೂ ಜಿಂಬಾಬ್ವೆಯನ್ನೂ ಮೈದಾನದಲ್ಲೇ ಸೋಲಿಸಿದರು. ಡರ್ಬನ್‌ನಲ್ಲಿ ಆಸ್ಟ್ರೇಲಿಯಾದ ಎದುರು, ನಿವೃತ್ತಿಯಾಗಿದ್ದ ಆಸಿಫ್ ಕರೀಂ ಮರಳಿ ಬಂದು 8.2 ಓವರಿನಲ್ಲಿ 6 ಮೇಡನ್, 7 ರನ್, 3 ವಿಕೆಟ್ ಎಂದು ಲೆಕ್ಕ ಬರೆಸಿದರು. ಸೆಮಿಫೈನಲ್ಲಿನಲ್ಲಿ ಭಾರತ 270 ಮಾಡಿ, 91 ರನ್ನಿನಿಂದ ಗೆದ್ದಿತು.

ಅಲ್ಲಿಂದ ಇಳಿಜಾರು. ದೊಡ್ಡ ದೇಶಗಳು ಕೆನ್ಯಾದ ಜೊತೆ ಆಡಲು ಹೆಚ್ಚು ಬರಲಿಲ್ಲ. ಮಂಡಳಿಯೊಳಗೆ ಹಣದ ಜಗಳ ಎದ್ದಿತು, ಆಟಗಾರರು ಸಂಭಾವನೆಗಾಗಿ ಮುಷ್ಕರ ಹೂಡಿದರು. 2004ರಲ್ಲಿ ಒಡುಂಬೆಗೆ ಬುಕ್ಕಿಗಳ ನಂಟಿನ ಕಾರಣಕ್ಕೆ ಐದು ವರ್ಷ ನಿಷೇಧ. ಪುಣೆಯ ಆ ನಾಯಕನ ಸುದ್ದಿ ಓದಿ ನನಗೆ ಬಹಳ ನೋವಾಯಿತು. ಹಳೆಯ ಮಂಡಳಿ ಹೋಗಿ 2005ರಲ್ಲಿ ‘ಕ್ರಿಕೆಟ್ ಕೆನ್ಯಾ’ ಬಂತು. 2011ರ ವಿಶ್ವಕಪ್ಪಿನಲ್ಲಿ ತಂಡ ಚೆನ್ನೈನಲ್ಲಿ ನ್ಯೂಜಿಲೆಂಡ್ ಎದುರು 69ಕ್ಕೆ ಔಟಾಯಿತು, ಒಂದೂ ಪಂದ್ಯ ಗೆಲ್ಲಲಿಲ್ಲ. 2014ರಲ್ಲಿ ಏಕದಿನ ಮಾನ್ಯತೆಯೂ ಹೋಯಿತು. 2003ರ ವೀರ ಕಾಲಿನ್ಸ್ ಒಬುಯಾ 2023ರಲ್ಲೂ ಕೆನ್ಯಾಕ್ಕೆ ಆಡುತ್ತಿದ್ದರು. ಅವರ ನಿಷ್ಠೆಗೆ ನಾನು ಕೈಮುಗಿಯುತ್ತೇನೆ. ಆದರೆ ಇಪ್ಪತ್ತು ವರ್ಷದಲ್ಲಿ ಅವರ ಜಾಗಕ್ಕೊಬ್ಬ ಹುಡುಗ ತಯಾರಾಗಲಿಲ್ಲವಲ್ಲ, ನನ್ನ ಸಂಕಟ ಅದು. ಭ್ರಷ್ಟಾಚಾರ, ಮುಷ್ಕರ, ಮಂಡಳಿ ಜಗಳ ಯಾವ ದೇಶದಲ್ಲಿಲ್ಲ? ಕೆಳಗೆ ಬೇರು ಹರಡಿದ್ದರೆ ಮರ ಅವನ್ನೆಲ್ಲ ತಾಳಿಕೊಳ್ಳುತ್ತದೆ.

ಬೀದರಿನವನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಹೈದರಾಬಾದು ಆಗಲೇ, 1937-38ರಲ್ಲೇ, ರಣಜಿ ಟ್ರೋಫಿ ಗೆದ್ದಿದ್ದ ತಂಡ. ರಾಜ್ಯ ಮರುವಿಂಗಡಣೆಯಾದ ಮೇಲೆ ನಮ್ಮ ಹುಡುಗರ ದಾರಿ ಬದಲಾಯಿತು. ಈಗ ನಮ್ಮದು ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯ. ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿದ್ದು 2017ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ ಆಯ್ಕೆಗೆಂದು ಹೋಗುವ ಹದಿನಾಲ್ಕರ ಹುಡುಗ ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು, ಬೆಳಗ್ಗೆ ಕಣ್ಣುಜ್ಜಿಕೊಂಡು ಬೌಲಿಂಗ್ ಹಾಕಬೇಕಿತ್ತು. ಬೀದರ್ ನಗರದ್ದು ಕೆಂಪು ಮುರುಮಿನ ನೆಲ, ಮ್ಯಾಟು ಹಾಸಿದರೆ ಚೆಂಡು ಸರಿಯಾಗಿ ಏಳುತ್ತದೆ. ಭಾಲ್ಕಿ, ಔರಾದಿನ ಕರಿಮಣ್ಣು ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಕೆಸರಾಗುತ್ತದೆ. ತೊಗರಿ ರಾಶಿ ಮುಗಿದ ಹೊಲದಲ್ಲಿ ಟೆನಿಸ್ ಚೆಂಡಿನಲ್ಲಿ ಆಡುವ ಹುಡುಗರಲ್ಲಿ ನಾನು ಕಂಡ ಕೈಚಳಕ ಕಡಿಮೆಯದಲ್ಲ. ಔರಾದಿನ ಒಬ್ಬ ಹುಡುಗ ಕಣ್ಣೆದುರೇ ಎರಡೂ ಕಡೆ ಚೆಂಡು ತಿರುಗಿಸುತ್ತಿದ್ದ. ತೊಗಲಿನ ಚೆಂಡು ಅವನ ಕೈಗೆ ಸಿಕ್ಕಿದ್ದು ಹದಿನೆಂಟು ದಾಟಿದ ಮೇಲೆ. ಈಗ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ.

ಮತ್ತೆ ಕೆನ್ಯಾದ ಮಾತಿಗೆ ಬಂದರೆ, ಅದರ ಪಕ್ಕದ ಉಗಾಂಡಾ 2023ರ ನವೆಂಬರಿನಲ್ಲಿ ಜಿಂಬಾಬ್ವೆಯನ್ನು ಸೋಲಿಸಿ ಟಿ20 ವಿಶ್ವಕಪ್ಪಿಗೆ ಹೋಯಿತು. ಮರುವರ್ಷ ಗಯಾನಾದಲ್ಲಿ ಪಪುವಾ ನ್ಯೂಗಿನಿಯ ಎದುರು 43 ವರ್ಷದ ಫ್ರಾಂಕ್ ನ್ಸುಬುಗಾ 4 ಓವರಿನಲ್ಲಿ ಬರೀ 4 ರನ್ ಕೊಟ್ಟು 2 ವಿಕೆಟ್ ತೆಗೆದು ತಂಡವನ್ನು ಗೆಲುವಿನ ಹಾದಿಗೆ ತಂದರು. ಕೆನ್ಯಾ ಮನೆಯಲ್ಲೇ ಉಳಿದಿತ್ತು.

ಅದೇ ವರ್ಷ, 2024ರ ಆಗಸ್ಟಿನಲ್ಲಿ, ಕೆನ್ಯಾ ತನ್ನ ಮುಖ್ಯ ಕೋಚ್ ಆಗಿ ನಮ್ಮ ದೊಡ್ಡ ಗಣೇಶ್ ಅವರನ್ನು ನೇಮಿಸಿತು. ಗಣೇಶ್ ಟೆಸ್ಟ್ ಆಟ ಶುರುಮಾಡಿದ್ದು ಆಫ್ರಿಕಾದ ನೆಲದಲ್ಲೇ, 1997ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿ. ಅವರು ಆಡಿದ ಒಂದೇ ಒಂದು ಏಕದಿನ ಪಂದ್ಯ ಜಿಂಬಾಬ್ವೆಯ ಬುಲವಾಯೊದಲ್ಲಿ. ಕರ್ನಾಟಕಕ್ಕೆ ರಣಜಿ ಗೆಲ್ಲಿಸಿಕೊಟ್ಟ, ದಿನವಿಡೀ ಬೆವರು ಸುರಿಸಿ ಬೌಲ್ ಮಾಡುವ ಆಸಾಮಿ. ಬೇರಿನಿಂದ ಕಟ್ಟಬೇಕಾದ ತಂಡಕ್ಕೆ ತಕ್ಕ ಮನುಷ್ಯ ಎಂದು ನಾನು ಸಂತೋಷಪಟ್ಟೆ. ತಿಂಗಳೊಂದು ತುಂಬುವಷ್ಟರಲ್ಲಿ, ನೇಮಕ ನಿಯಮದಂತೆ ನಡೆದಿಲ್ಲ ಎಂದು ಮಂಡಳಿ ಅದನ್ನು ರದ್ದು ಮಾಡಿತು. ತಂಡದ ಹೊಣೆ ಲಮೆಕ್ ಒನ್ಯಾಂಗೊ ಅವರ ಹೆಗಲಿಗೆ ಬಂತು. ಒನ್ಯಾಂಗೊ 1996ರಲ್ಲಿ ಭಾರತಕ್ಕೆ ಬಂದಿದ್ದ ಆ ಮೊದಲ ವಿಶ್ವಕಪ್ ತಂಡದವರು.