ಆಲೂ ಬನ್

ಆಲೂ ಬನ್ ಎಂಬುದು ಹುದುಗಿಸಿದ ಮೈದಾ ಹಿಟ್ಟಿನೊಳಗೆ ಆಲೂಗೆಡ್ಡೆಯ ಪಲ್ಯವನ್ನು ತುಂಬಿ ಭಟ್ಟಿಯಲ್ಲಿ ಬೇಯಿಸಿದ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಖಾರದ ತಿನಿಸು. ದಕ್ಷಿಣ ಕರ್ನಾಟಕದಲ್ಲಿ ಇದು ಮುಖ್ಯವಾಗಿ ಅಯ್ಯಂಗಾರ್ ಬೇಕರಿಗಳ ಮೂಲಕ ಜನಪ್ರಿಯವಾಯಿತು. ಬಾಬಾಬುಡನ್‌ಗಿರಿಯ ಸುತ್ತಲಿನ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮೊದಲಾದ ಕಾಫಿ ನಾಡಿನ ಊರುಗಳಲ್ಲಿಯೂ ಬೇಕರಿಯ ಬನ್ನು ಸಂಜೆಯ ಕಾಫಿಯ ಜೊತೆಗಾರ. ಒಂದೇ ಟ್ರೇಯಲ್ಲಿ ಹತ್ತಾರು ಬನ್ನುಗಳನ್ನು ಒತ್ತಾಗಿ ಜೋಡಿಸಿ ಬೇಯಿಸಬಹುದಾದುದರಿಂದ, ನೆಂಟರಿಷ್ಟರು ಸೇರುವ ದಿನಗಳಿಗೂ ಬಿಡುವಿಲ್ಲದ ದಿನದ ರಾತ್ರಿಯ ಊಟಕ್ಕೂ ಇದು ಅನುಕೂಲವಾದ ತಿನಿಸಾಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಸ್ಲೈಡರ್ ಎಂದು ಕರೆಯಲಾಗುವ ಪುಟ್ಟ ಸ್ಯಾಂಡ್‌ವಿಚ್ಚಿಗೆ ಕರ್ನಾಟಕದಲ್ಲಿ ಅತ್ಯಂತ ಹತ್ತಿರದ ತಿನಿಸೂ ಇದೇ.

ಹೆಸರು

ಆಲೂ ಎಂಬುದು ಹಿಂದಿಯ ಮೂಲಕ ಕನ್ನಡಕ್ಕೆ ಬಂದ ಪದ. ಅದಕ್ಕೆ ಕನ್ನಡದ ಗೆಡ್ಡೆ ಸೇರಿ ಆಲೂಗೆಡ್ಡೆ ಎಂಬ ರೂಪ ಬಳಕೆಗೆ ಬಂದಿದೆ. ಕರಾವಳಿಯಲ್ಲಿ ಇದನ್ನೇ ಬಟಾಟೆ ಎನ್ನುತ್ತಾರೆ. ಇದರ ಮೂಲ ಪೋರ್ಚುಗೀಸ್ ಭಾಷೆಯ ಪದ. ಬನ್ ಎಂಬುದು ಇಂಗ್ಲಿಷಿನಿಂದ ಬಂದದ್ದು. ಆಡುಮಾತಿನಲ್ಲಿ ಅದು ಬನ್ನು ಎಂದಾಗುತ್ತದೆ.

ಹೆಸರಿನ ಹೋಲಿಕೆಯಿಂದ ಆಲೂ ಬನ್ನನ್ನು ಬೇರೆ ಎರಡು ತಿನಿಸುಗಳೊಡನೆ ಬೆರೆಸಬಾರದು. ಖಾರಾ ಬನ್ನಿನಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ಹಿಟ್ಟಿನಲ್ಲಿಯೇ ಕಲಸಿರುತ್ತಾರೆ. ಅದರಲ್ಲಿ ಪ್ರತ್ಯೇಕ ಹೂರಣವಿರುವುದಿಲ್ಲ. ಮಂಗಳೂರು ಬನ್ಸ್ ಎಂಬುದು ಬಾಳೆಹಣ್ಣು ಮತ್ತು ಮೈದಾ ಸೇರಿಸಿ ಎಣ್ಣೆಯಲ್ಲಿ ಕರಿದ, ಪೂರಿಯನ್ನು ಹೋಲುವ ಸಿಹಿ ತಿಂಡಿ. ಅದಕ್ಕೂ ಭಟ್ಟಿಗೂ ಸಂಬಂಧವಿಲ್ಲ.

ಇತಿಹಾಸ

ಆಲೂ ಬನ್ನಿನ ಎರಡು ಮುಖ್ಯ ಸಾಮಗ್ರಿಗಳಾದ ಬ್ರೆಡ್ಡೂ ಆಲೂಗೆಡ್ಡೆಯೂ ಕರ್ನಾಟಕಕ್ಕೆ ಹೊರಗಿನಿಂದ ಬಂದವು. ಆಲೂಗೆಡ್ಡೆ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನವರ ಮೂಲಕ ಭಾರತವನ್ನು ಸೇರಿತು. ಇಂದು ಹಾಸನ ಜಿಲ್ಲೆ ರಾಜ್ಯದ ಪ್ರಮುಖ ಆಲೂಗೆಡ್ಡೆ ಬೆಳೆಯುವ ಪ್ರದೇಶ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಬಯಲು ಭಾಗದಲ್ಲಿಯೂ ಮುಂಗಾರಿನಲ್ಲಿ ಇದನ್ನು ಬೆಳೆಯುತ್ತಾರೆ. ಯೀಸ್ಟಿನಿಂದ ಹುದುಗಿಸಿದ ಬ್ರೆಡ್ಡನ್ನು ಪಶ್ಚಿಮ ಕರಾವಳಿಗೆ ಪರಿಚಯಿಸಿದವರು ಪೋರ್ಚುಗೀಸರು. ಪಾವ್ ಎಂಬ ಪದ ಅವರ ಭಾಷೆಯ ಬ್ರೆಡ್ ಎಂಬರ್ಥದ ಪದದಿಂದಲೇ ಹುಟ್ಟಿದೆ. ಒಳನಾಡಿನಲ್ಲಿ ಬ್ರಿಟಿಷರ ದಂಡುಗಳು ಮತ್ತು ಬಂಗಲೆಗಳ ಮೂಲಕ ಬ್ರೆಡ್ಡು ಹರಡಿತು.

ಅನ್ನ, ಮುದ್ದೆ, ರೊಟ್ಟಿಗಳನ್ನು ಉಣ್ಣುವ ಮನೆಗಳಲ್ಲಿ ಬ್ರೆಡ್ಡಿಗೆ ಸುಲಭವಾಗಿ ಸ್ಥಾನ ದೊರೆಯಲಿಲ್ಲ. ಬಹುಕಾಲ ಅದು ಜ್ವರ ಬಂದವರಿಗೆ ಹಾಲಿನಲ್ಲಿ ನೆನೆಸಿ ಕೊಡುವ ಪಥ್ಯದ ಆಹಾರವೆಂದೇ ಎಣಿಸಲ್ಪಟ್ಟಿತ್ತು. ಗೋವೆಯ ಕಡೆ ಪಾವಿನ ಹಿಟ್ಟನ್ನು ಹುದುಗಿಸಲು ಸೇಂದಿಯನ್ನು ಬಳಸುತ್ತಿದ್ದರು. ಕೇಕು ಮೊದಲಾದವುಗಳಿಗೆ ಮೊಟ್ಟೆ ಬೀಳುತ್ತಿತ್ತು. ಮಡಿ, ಶಾಕಾಹಾರಗಳನ್ನು ಪಾಲಿಸುವ ಕುಟುಂಬಗಳು ಬೇಕರಿಯ ಪದಾರ್ಥಗಳಿಂದ ದೂರವಿರಲು ಇವು ಕಾರಣಗಳಾದವು.

ಈ ಹಿಂಜರಿಕೆಯನ್ನು ಬಹುಮಟ್ಟಿಗೆ ನಿವಾರಿಸಿದವು ಮೊಟ್ಟೆ ಬಳಸದ ಅಯ್ಯಂಗಾರ್ ಬೇಕರಿಗಳು. ಇವುಗಳಲ್ಲಿ ಮೊದಲನೆಯದೆಂದು ಪ್ರಸಿದ್ಧವಾದುದು ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬೆಂಗಳೂರು ಬ್ರದರ್ಸ್ ಬೇಕರಿ. ಅನಂತರ ಹಾಸನ ಜಿಲ್ಲೆಯ ಗ್ರಾಮಗಳಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲಿಯೂ ರಾಜ್ಯದ ಇತರ ಪಟ್ಟಣಗಳಲ್ಲಿಯೂ ಬೇಕರಿಗಳನ್ನು ತೆರೆದವು. ಬೆಂಗಳೂರಿನ ವಿಶ್ವೇಶ್ವರಪುರದ ವಿ. ಬಿ. ಬೇಕರಿ 1953ರಲ್ಲಿ ಆರಂಭವಾಯಿತು. ಮನೆಯಡುಗೆಯ ಒಗ್ಗರಣೆ, ಕರಿಬೇವು, ಹಸಿಮೆಣಸಿನಕಾಯಿಗಳು ಈ ಬೇಕರಿಗಳಲ್ಲಿ ಬ್ರೆಡ್ಡಿನೊಡನೆ ಸೇರಿಕೊಂಡವು. ಮಸಾಲೆ ದೋಸೆಯೊಳಗೆ ಇರುವಂಥ ಪಲ್ಯವೇ ಬನ್ನಿನೊಳಗೂ ದೊರೆತಾಗ, ಕಾಯಿಲೆಯವರ ಪಥ್ಯವಾಗಿದ್ದ ಬ್ರೆಡ್ಡು ಆರೋಗ್ಯವಂತರ ಸಂಜೆಯ ತಿಂಡಿಯೂ ಆಯಿತು.

ಕಾಫಿ ನಾಡಿನಲ್ಲಿ

17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿನ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. 19ನೆಯ ಶತಮಾನದಲ್ಲಿ ಐರೋಪ್ಯರು ಇಲ್ಲಿ ದೊಡ್ಡ ತೋಟಗಳನ್ನು ಮಾಡಿದರು. 1830ರ ಸುಮಾರಿಗೆ ಚಿಕ್ಕಮಗಳೂರಿನ ಬಳಿ ಕ್ಯಾನನ್ ಎಂಬವರು ಮಾಡಿದ ತೋಟ ಅವುಗಳಲ್ಲಿ ಮೊದಲಿನದು. ತೋಟದ ಬಂಗಲೆಗಳಲ್ಲಿ ಬ್ರೆಡ್ಡು, ಕೇಕುಗಳು ನಿತ್ಯದ ಆಹಾರವಾಗಿದ್ದರೂ ಸುತ್ತಲಿನ ಮನೆಗಳ ಅಡುಗೆ ಬೇರೆಯಾಗಿಯೇ ಉಳಿಯಿತು. ಕಡುಬು, ಅಕ್ಕಿ ರೊಟ್ಟಿ, ಅನ್ನ ಇಲ್ಲಿನ ಮುಖ್ಯ ಆಹಾರ. ಮಲೆನಾಡಿನ ಒಲೆ ಹಬೆಯಲ್ಲಿ ಬೇಯಿಸುವುದಕ್ಕೂ ಕಾವಲಿಯ ಮೇಲೆ ಸುಡುವುದಕ್ಕೂ ಹೊಂದುವಂಥದು. ಸುತ್ತಲಿಂದಲೂ ಒಣ ಶಾಖ ತಾಗಬೇಕಾದ ಬನ್ನನ್ನು ಆದ್ದರಿಂದ ಪೇಟೆಯ ಬೇಕರಿಯಿಂದಲೇ ತರಬೇಕಾಗಿತ್ತು.

ವಿದ್ಯುತ್ ಓವನ್ ಮನೆಗಳಿಗೆ ಬಂದ ಮೇಲೆ ಈ ಸ್ಥಿತಿ ಬದಲಾಗಿದೆ. ಆದರೂ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ನಿಲ್ಲುವುದು ಈ ಭಾಗದಲ್ಲಿ ಸಾಮಾನ್ಯವಾದುದರಿಂದ, ಓವನ್ನನ್ನೇ ನೆಚ್ಚಿಕೊಳ್ಳದ ವಿಧಾನವೊಂದು ತಿಳಿದಿರುವುದು ಅಗತ್ಯ. ಅರೇಬಿಕಾ ಕಾಫಿಯ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ ನಡೆಯುತ್ತದೆ. ರೊಬಸ್ಟಾ ಕೊಯ್ಲು ಅದರ ಅನಂತರ. ಕೊಯ್ಲು, ಅಳತೆ, ಒಣಗಿಸುವ ಕೆಲಸಗಳ ನಡುವೆ ಅಡುಗೆಗೆ ಹೆಚ್ಚು ಸಮಯ ಸಿಗದ ಈ ದಿನಗಳಲ್ಲಿ, ಪಲ್ಯವನ್ನು ಬೆಳಿಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ರಾತ್ರಿ ಅರ್ಧ ಗಂಟೆಯಲ್ಲಿ ಬನ್ನು ಸಿದ್ಧವಾಗುತ್ತದೆ.

ಬೇಕಾಗುವ ಸಾಮಗ್ರಿಗಳು

ಈ ಅಳತೆಯಲ್ಲಿ 16 ಪುಟ್ಟ ಬನ್ನುಗಳಾಗುತ್ತವೆ.

ಹಿಟ್ಟಿಗೆ:
- ಮೈದಾ 500 ಗ್ರಾಂ
- ಒಣ ಯೀಸ್ಟ್ 7 ಗ್ರಾಂ
- ಸಕ್ಕರೆ 40 ಗ್ರಾಂ
- ಉಪ್ಪು 8 ಗ್ರಾಂ
- ಉಗುರುಬೆಚ್ಚಗಿನ ಹಾಲು 200 ಮಿ.ಲೀ.
- ಉಗುರುಬೆಚ್ಚಗಿನ ನೀರು ಸುಮಾರು 100 ಮಿ.ಲೀ.
- ಬೆಣ್ಣೆ 40 ಗ್ರಾಂ, ಮೇಲೆ ಸವರಲು ಇನ್ನಷ್ಟು

ಪಲ್ಯಕ್ಕೆ:
- ಆಲೂಗೆಡ್ಡೆ 500 ಗ್ರಾಂ
- ಈರುಳ್ಳಿ 2
- ಹಸಿಮೆಣಸಿನಕಾಯಿ 4 ಅಥವಾ 5
- ಶುಂಠಿ ಒಂದು ಸಣ್ಣ ತುಂಡು
- ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಅರಿಸಿನ, ಕರಿಬೇವು
- ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣಿನ ರಸ, ಉಪ್ಪು, ಎಣ್ಣೆ

ಮಾಡುವ ವಿಧಾನ

ಪಲ್ಯ: ಆಲೂಗೆಡ್ಡೆಯನ್ನು ಬೇಯಿಸಿ, ಸಿಪ್ಪೆ ತೆಗೆದು, ಒರಟಾಗಿ ಪುಡಿಮಾಡಿಕೊಳ್ಳಬೇಕು. ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿರುವ ಊರುಗಳಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ, ಸುಮಾರು 97 ಡಿಗ್ರಿಯಲ್ಲಿ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಗೆಡ್ಡೆ ಬೇಯಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲಿ ಈ ತೊಂದರೆಯಿಲ್ಲ. ಎಣ್ಣೆಯಲ್ಲಿ ಸಾಸಿವೆ, ಬೇಳೆಗಳು, ಕರಿಬೇವಿನ ಒಗ್ಗರಣೆ ಮಾಡಿ, ಶುಂಠಿ, ಮೆಣಸಿನಕಾಯಿ, ಈರುಳ್ಳಿಗಳನ್ನು ಬಾಡಿಸಿ, ಅರಿಸಿನ, ಉಪ್ಪು ಮತ್ತು ಆಲೂಗೆಡ್ಡೆಯನ್ನು ಸೇರಿಸಬೇಕು. ದೋಸೆಯ ಪಲ್ಯಕ್ಕೆ ಹಾಕುವಂತೆ ಇದಕ್ಕೆ ನೀರು ಹಾಕಬಾರದು. ಪಲ್ಯ ತೇವವಾಗಿದ್ದರೆ ಬನ್ನಿನ ತಳ ಹಸಿಯಾಗಿ ಉಳಿಯುತ್ತದೆ. ಒಲೆಯಿಂದ ಇಳಿಸಿ ನಿಂಬೆರಸ, ಕೊತ್ತಂಬರಿ ಸೊಪ್ಪು ಬೆರೆಸಿ ಪೂರ್ತಿ ಆರಲು ಬಿಡಬೇಕು. ಬಿಸಿ ಪಲ್ಯವನ್ನು ತುಂಬಿದರೆ ಹಿಟ್ಟು ಅಂಟಂಟಾಗಿ ಅಂಚು ಬಿಟ್ಟುಕೊಳ್ಳುತ್ತದೆ.

ಹಿಟ್ಟು: ಹಾಲಿಗೆ ಒಂದು ಚಮಚ ಸಕ್ಕರೆ ಮತ್ತು ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಬೇಕು. ನೊರೆ ಏಳದಿದ್ದರೆ ಯೀಸ್ಟ್ ಹಳೆಯದೆಂದು ತಿಳಿದು ಬೇರೆ ತರುವುದು ಲೇಸು; ಕೈ ಸುಡುವಷ್ಟು ಬಿಸಿಯಾದ ಹಾಲು ಹಾಕಿದರೂ ಯೀಸ್ಟ್ ಸಾಯುತ್ತದೆ. ನೊರೆ ಎದ್ದ ಹಾಲನ್ನು ಮೈದಾ, ಉಪ್ಪು, ಉಳಿದ ಸಕ್ಕರೆಗೆ ಸೇರಿಸಿ, ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕಲಸಬೇಕು. ಮಳೆಗಾಲದಲ್ಲಿ ಹಿಟ್ಟು ಗಾಳಿಯ ತೇವವನ್ನು ಹೀರಿರುವುದರಿಂದ ನೀರು ಕಡಿಮೆ ಸಾಕಾಗಬಹುದು. ಬೆಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ, ಮುಚ್ಚಿಡಬೇಕು. ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಹಿಟ್ಟು ಎರಡರಷ್ಟಾಗುತ್ತದೆ. ಗಿರಿಯ ಮಳೆ ಚಳಿಗಳಲ್ಲಿ ಎರಡು ಗಂಟೆ ಬೇಕಾದರೂ ಆಶ್ಚರ್ಯವಿಲ್ಲ. ಇಲ್ಲಿ ನೋಡಬೇಕಾದುದು ಗಡಿಯಾರವನ್ನಲ್ಲ, ಹಿಟ್ಟಿನ ಗಾತ್ರವನ್ನು. ಆರಿಸಿದ ಓವನ್ನಿನೊಳಗೆ ಒಂದು ಬಟ್ಟಲು ಬಿಸಿನೀರಿನೊಡನೆ ಹಿಟ್ಟನ್ನಿಟ್ಟರೆ ಬೇಗ ಹುದುಗುತ್ತದೆ.

ತುಂಬುವುದು ಮತ್ತು ಬೇಯಿಸುವುದು: ಹಿಟ್ಟನ್ನು 16 ಉಂಡೆ ಮಾಡಿ, ಪ್ರತಿಯೊಂದನ್ನೂ ಹೋಳಿಗೆಯ ಕಣಕದಂತೆ ಅಂಗೈಯಲ್ಲಿ ತಟ್ಟಿ, ನಡುವೆ ಎರಡು ಚಮಚದಷ್ಟು ಪಲ್ಯವನ್ನಿಟ್ಟು, ಅಂಚುಗಳನ್ನು ಸೇರಿಸಿ ಬಿಗಿಯಾಗಿ ಮುಚ್ಚಬೇಕು. ಬೆಣ್ಣೆ ಸವರಿದ ಟ್ರೇಯಲ್ಲಿ ಮುಚ್ಚಿದ ಭಾಗ ಕೆಳಗಾಗುವಂತೆ, ನಾಲ್ಕು ಸಾಲುಗಳಲ್ಲಿ, ಒಂದು ಬೆರಳಿನಷ್ಟು ಅಂತರ ಬಿಟ್ಟು ಜೋಡಿಸಬೇಕು. ಅರ್ಧ ಗಂಟೆಯಲ್ಲಿ ಅವು ಉಬ್ಬಿ ಒಂದನ್ನೊಂದು ತಾಗುತ್ತವೆ. ಹೀಗೆ ತಾಗಿ ಬೆಂದ ಬನ್ನಿನ ಬದಿಗಳು ಮೃದುವಾಗಿಯೇ ಉಳಿಯುತ್ತವೆ. ಮೇಲ್ಭಾಗ ಮಾತ್ರ ಕೆಂಪಗಾಗುತ್ತದೆ. ಮೇಲೆ ಹಾಲು ಸವರಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಹೊರತೆಗೆದೊಡನೆ ಬೆಣ್ಣೆ ಸವರಿ, ಶುಭ್ರವಾದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಮೇಲ್ಪದರ ಮೆತ್ತಗಾಗುತ್ತದೆ.

ಸುಲಭ ವಿಧಾನ

ಹಿಟ್ಟು ಹುದುಗಿಸಲು ಸಮಯವಿಲ್ಲದಾಗ, ಬೇಕರಿಯಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಸಿಗುವ ಪಾವನ್ನು ಬಿಡಿಸದೆ ಬಳಸಬಹುದು. ಉದ್ದನೆಯ ಚಾಕುವಿನಿಂದ ಇಡೀ ಹಾಳೆಯನ್ನು ಅಡ್ಡಲಾಗಿ ಸೀಳಿ, ಕೆಳಭಾಗವನ್ನು ಟ್ರೇಯಲ್ಲಿಟ್ಟು, ಬೆಣ್ಣೆ ಮತ್ತು ಹಸಿರು ಚಟ್ನಿಯನ್ನು ಸವರಿ, ಪಲ್ಯವನ್ನು ಸಮವಾಗಿ ಹರಡಿ, ಬೇಕಿದ್ದರೆ ತುರಿದ ಚೀಸ್ ಉದುರಿಸಿ, ಮೇಲ್ಭಾಗವನ್ನು ಮುಚ್ಚಬೇಕು. ಕರಗಿಸಿದ ಬೆಣ್ಣೆಯನ್ನು ಮೇಲೆ ಸವರಿ, 170 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಕಾಯಿಸಿದರೆ ಸಾಕು. ಅನಂತರ ಅಂಟಿದ ಗೆರೆಗಳಲ್ಲಿ ಕತ್ತರಿಸಿ ಬಡಿಸಬೇಕು. ಹನ್ನೆರಡು ಪಾವಿಗೆ ಸುಮಾರು 350 ಗ್ರಾಂ ಆಲೂಗೆಡ್ಡೆಯ ಪಲ್ಯ ಬೇಕಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದಾಗಿ ಕಾವಲಿಯ ಮುಂದೆ ನಿಂತು ಮಾಡಿಕೊಡುವ ಶ್ರಮ ಇದರಲ್ಲಿ ಇಲ್ಲ. ಎಲ್ಲರಿಗೂ ಏಕಕಾಲದಲ್ಲಿ ಬಿಸಿಯಾಗಿ ದೊರೆಯುವುದರಿಂದ ಅಡುಗೆ ಮಾಡಿದವರೂ ಉಳಿದವರೊಡನೆ ಕುಳಿತು ತಿನ್ನಬಹುದು.

ಓವನ್ ಇಲ್ಲದಿದ್ದರೆ ಅಥವಾ ವಿದ್ಯುತ್ ಹೋಗಿದ್ದರೆ, ದಪ್ಪ ತಳದ ಕಾವಲಿಯ ಮೇಲೆ ಬೆಣ್ಣೆ ಹಾಕಿ, ತುಂಬಿದ ಪಾವನ್ನಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಕಡೆ ಕಾಯಿಸಬಹುದು. ಹಸಿ ಹಿಟ್ಟಿನ ಬನ್ನನ್ನು ಬೇಯಿಸಲು ದಪ್ಪನೆಯ ಬಾಣಲೆಯ ತಳದಲ್ಲಿ ಒಂದು ಪದರ ಕಲ್ಲುಪ್ಪನ್ನು ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಬಳಿಕ ಬನ್ನಿನ ತಟ್ಟೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ ಬೇಯಿಸಬೇಕು. ಈ ವಿಧಾನದಲ್ಲಿ ಬನ್ನಿನ ಮೇಲ್ಭಾಗ ಹೆಚ್ಚು ಕೆಂಪಗಾಗುವುದಿಲ್ಲ. ಕೊನೆಯಲ್ಲಿ ತಿರುವಿ ಹಾಕಿ ಬೆಣ್ಣೆಯಲ್ಲಿ ಒಂದೆರಡು ನಿಮಿಷ ಕಾಯಿಸಿದರೆ ಬಣ್ಣ ಬರುತ್ತದೆ.

ಇತರ ಹೂರಣಗಳು

ಆಲೂಗೆಡ್ಡೆಯ ಬದಲು ಹುರುಳಿಕಾಯಿ, ಕ್ಯಾರೆಟ್, ಬಟಾಣಿಯ ಒಣ ಪಲ್ಯ, ಹಲಸಿನ ಗುಜ್ಜೆಯ ಪಲ್ಯ, ಪನೀರ್, ಮಾಂಸಾಹಾರಿಗಳಿಗೆ ಚೆನ್ನಾಗಿ ಬೇಯಿಸಿದ ಕೋಳಿ ಮಾಂಸದ ಪಲ್ಯ ಮುಂತಾದವುಗಳನ್ನೂ ತುಂಬಬಹುದು. ಯಾವುದೇ ಹೂರಣವಾದರೂ ಮೊದಲೇ ಪೂರ್ತಿ ಬೆಂದಿರಬೇಕು ಮತ್ತು ನೀರಿನಂಶ ಹಿಂಗಿರಬೇಕು; ಬನ್ನು ಬೇಯುವ ಅಲ್ಪ ಸಮಯದಲ್ಲಿ ಹಸಿ ಹೂರಣ ಬೇಯುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ದೊರೆಯುವ ಕಳಲೆಯನ್ನು ಬಳಸುವುದಾದರೆ, ಹೆಚ್ಚಿದ ಕಳಲೆಯನ್ನು ವಾಡಿಕೆಯಂತೆ ಪ್ರತಿದಿನ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ವಿಷಕಾರಿ ಸಯನೈಡನ್ನು ಬಿಡುಗಡೆ ಮಾಡುವ ಅಂಶವಿರುತ್ತದೆ.

ಹೋಲುವ ತಿನಿಸುಗಳು

ಅಯ್ಯಂಗಾರ್ ಬೇಕರಿಗಳಲ್ಲಿಯೇ ಬನ್ನನ್ನು ಸೀಳಿ ಖಾರದ ತರಕಾರಿ ಮಿಶ್ರಣ ತುಂಬಿದ ಮಸಾಲಾ ಬನ್, ಬೆಣ್ಣೆ ಹಚ್ಚಿ ಖಾರದ ಕಡಲೆಕಾಯಿ ಬೀಜವನ್ನು ತುಂಬಿದ ಕಾಂಗ್ರೆಸ್ ಬನ್ ಮೊದಲಾದವು ದೊರೆಯುತ್ತವೆ. ಮಹಾರಾಷ್ಟ್ರದ ವಡಾ ಪಾವಿನಲ್ಲಿಯೂ ಆಲೂಗೆಡ್ಡೆಯೇ ಪ್ರಧಾನ. ಆದರೆ ಅಲ್ಲಿ ಹೂರಣವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದು ಪಾವಿನೊಳಗೆ ಇಡುತ್ತಾರೆ.

ಅಮೆರಿಕದ ಸ್ಲೈಡರ್ ಎಂಬ ತಿನಿಸು 1921ರಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಆರಂಭವಾದ ವೈಟ್ ಕ್ಯಾಸಲ್ ಎಂಬ ಹೋಟೆಲಿನ ಪುಟ್ಟ ಹ್ಯಾಂಬರ್ಗರಿನೊಡನೆ ಜೋಡಿಸಲ್ಪಟ್ಟಿದೆ. ಅಲ್ಲಿನ ಮನೆಗಳಲ್ಲಿ ಟ್ರೇಯಲ್ಲಿ ಬೇಯಿಸುವ ಸ್ಲೈಡರಿಗೆ ಹವಾಯಿಯ ಸಿಹಿ ಬನ್ನನ್ನು ಹೆಚ್ಚಾಗಿ ಬಳಸುತ್ತಾರೆ. ಆ ಬನ್ನು ಹವಾಯಿಗೆ ಬಂದ ಪೋರ್ಚುಗೀಸ್ ವಲಸೆಗಾರರ ಸಿಹಿ ಬ್ರೆಡ್ಡಿನಿಂದ ಬೆಳೆದದ್ದು. ಹೀಗೆ ಅಮೆರಿಕದ ಸ್ಲೈಡರಿನ ಬನ್ನಿಗೂ ನಮ್ಮ ಪಶ್ಚಿಮ ಕರಾವಳಿಯ ಪಾವಿಗೂ ಪೋರ್ಚುಗೀಸರ ಬ್ರೆಡ್ಡಿನ ಪರಂಪರೆಯೇ ಮೂಲವಾಗಿದೆ.

ಸಂಗ್ರಹಣೆ

ಆಲೂ ಬನ್ ಮಾಡಿದ ದಿನವೇ ತಿನ್ನಬೇಕಾದ ತಿನಿಸು. ಹೂರಣವಿಲ್ಲದ ಬನ್ನು ಎರಡು ದಿನ ಇರಬಹುದಾದರೂ, ಪಲ್ಯವಿರುವ ಬನ್ನು ಹೊರಗಿಟ್ಟರೆ ಬೇಗ ಹಳಸುತ್ತದೆ. ಉಳಿದದ್ದನ್ನು ಆರಿದೊಡನೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಒಳಭಾಗವೂ ಬಿಸಿಯಾಗುವಂತೆ ಕಾಯಿಸಿ ತಿನ್ನಬಹುದು. ಬಿಸಿಯಿರುವಾಗಲೇ ಡಬ್ಬಿಯಲ್ಲಿ ಮುಚ್ಚಿದರೆ ಹಬೆಯ ನೀರು ಇಳಿದು ಬನ್ನು ಒದ್ದೆಯಾಗುತ್ತದೆ. ಮಳೆಗಾಲದ ತೇವದಲ್ಲಿ ಬ್ರೆಡ್ಡಿಗೆ ಬೂಸ್ಟು ಬೇಗ ಹಿಡಿಯುತ್ತದೆ. ಒಂದು ಬನ್ನಿನಲ್ಲಿ ಬೂಸ್ಟು ಕಂಡರೆ ಆ ಭಾಗವನ್ನು ಮಾತ್ರ ಕಿತ್ತು ಉಳಿದುದನ್ನು ತಿನ್ನುವ ರೂಢಿ ಸರಿಯಲ್ಲ, ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಹರಡಿರುತ್ತವೆ. ಮೈದಾ, ಬೆಣ್ಣೆ, ಸಕ್ಕರೆಗಳಿರುವುದರಿಂದ ಇದು ನಿತ್ಯದ ಆಹಾರವಾಗುವುದಕ್ಕಿಂತ ಅಪರೂಪದ ತಿಂಡಿಯಾಗಿರುವುದು ಒಳ್ಳೆಯದು. ಮೈದಾದ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಗೋಧಿ ಹಿಟ್ಟನ್ನು ಬಳಸಬಹುದು; ಆಗ ನೀರು ತುಸು ಹೆಚ್ಚು ಬೇಕಾಗುತ್ತದೆ ಮತ್ತು ಬನ್ನು ಸ್ವಲ್ಪ ಗಟ್ಟಿಯಾಗುತ್ತದೆ.